ಸರ್ಟಿಫಿಕೇಟ್ ಬಂತು, ಕೈ ಪಳಗಿತೇ?

ಮಳೆಗಾಲದಲ್ಲಿ ಡೆಂಗಿ ಹಬ್ಬಿದಾಗ ಕೊಪ್ಪಳ ಜಿಲ್ಲೆಯ ಯಲಬುರ್ಗಾ, ಕುಷ್ಟಗಿ ಕಡೆಯ ಮನೆಗಳಲ್ಲಿ ಒಂದೇ ಮಾತು: ‘ಬಿಳಿ ರಕ್ತಕಣ ಭಾಳ ಕಡಿಮಿ ಆಗ್ಯಾವಂತ್ರಿ’. ಪ್ಲೇಟ್‌ಲೆಟ್‌ಗೆ ನಮ್ಮ ಜನ ಇಟ್ಟುಕೊಂಡಿರುವ ಹೆಸರು ಅದು. ರಿಪೋರ್ಟಿನಲ್ಲಿ ನಲವತ್ತು ಸಾವಿರ ಎಂದು ಬರೆದಿದ್ದರೆ ಮನೆಯವರ ಎದೆ ಒಡೆಯುತ್ತದೆ. ಸಾಲ ಮಾಡಿ, ಗಾಡಿ ಬಾಡಿಗೆಗೆ ಹಿಡಿದು ಹುಬ್ಬಳ್ಳಿಗೋ ಬಳ್ಳಾರಿಗೋ ಓಡುತ್ತಾರೆ. ಅಲ್ಲಿ ಮತ್ತೆ ರಕ್ತ ತೆಗೆದು ನೋಡಿದರೆ ಕೆಲವೊಮ್ಮೆ ಸಂಖ್ಯೆ ಒಂದೂವರೆ ಲಕ್ಷದ ಹತ್ತಿರ ಇರುತ್ತದೆ.

ಆಗಿರುವುದು ಇಷ್ಟೇ. ರಕ್ತ ತುಂಬಿದ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ. ತುಂಬಿದ ಕೂಡಲೇ ಟ್ಯೂಬನ್ನು ಎಂಟು–ಹತ್ತು ಸಲ ಮೆಲ್ಲಗೆ ತಲೆಕೆಳಗೆ ಮಾಡಿ ಬೆರೆಸಬೇಕು. ಗಡಿಬಿಡಿಯಲ್ಲಿ ಅದು ತಪ್ಪಿದರೆ ಕಣ್ಣಿಗೆ ಸುಲಭವಾಗಿ ಬೀಳದಷ್ಟು ಸಣ್ಣ ಗರಣೆ ಕಟ್ಟುತ್ತದೆ, ಪ್ಲೇಟ್‌ಲೆಟ್‌ಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಯಂತ್ರ ಉಳಿದದ್ದನ್ನು ಎಣಿಸುತ್ತದೆ. ಸಂಖ್ಯೆ ಅನುಮಾನ ಹುಟ್ಟಿಸಿದಾಗ ಟ್ಯೂಬಿನಲ್ಲಿ ಗರಣೆ ಇದೆಯೇ ಎಂದು ಕಡ್ಡಿಯಿಂದ ನೋಡಿ, ಒಂದು ಸ್ಲೈಡ್ ಮಾಡಿ ಮೈಕ್ರೊಸ್ಕೋಪಿನ ಕೆಳಗಿಟ್ಟರೆ ಸತ್ಯ ಅಲ್ಲೇ ತಿಳಿಯುತ್ತಿತ್ತು. ಇಷ್ಟನ್ನು ಮಾಡುವ ಅಭ್ಯಾಸ ಪುಸ್ತಕ ಓದಿ ಬರುವುದಿಲ್ಲ. ಬಲ್ಲವರ ಪಕ್ಕದಲ್ಲಿ ನಿಂತು, ಬೈಸಿಕೊಂಡು, ತಿದ್ದಿಸಿಕೊಂಡು ಬರುವಂಥದ್ದು.

ಲ್ಯಾಬ್ ಟೆಕ್ನಿಷಿಯನ್ ತರಬೇತಿಯ ಚರ್ಚೆ ನಮ್ಮಲ್ಲಿ ಸೀಟು, ಶುಲ್ಕ, ನೌಕರಿಯ ಸುತ್ತಲೇ ಸುತ್ತುತ್ತದೆ. ಕೊಪ್ಪಳದಂಥ ಜಿಲ್ಲೆಗೆ ಬೇಕಾದ ಪ್ರಶ್ನೆ ಬೇರೆ: ಕಲಿಯುವ ಹುಡುಗ ಹುಡುಗಿಯರು ನಿಜವಾದ ರೋಗಿಯ ರಕ್ತ, ಕಫ, ಮೂತ್ರದ ಮಾದರಿಗಳ ಜೊತೆ ಎಷ್ಟು ಗಂಟೆ ಕಳೆಯುತ್ತಾರೆ? ಯಾರ ಕಣ್ಗಾವಲಿನಲ್ಲಿ?

ಕೋರ್ಸಿನ ದಾರಿಗಳು ಸ್ಪಷ್ಟವಾಗಿವೆ. ರಾಜ್ಯದ ಅರೆವೈದ್ಯಕೀಯ ಮಂಡಳಿಯ ಡಿಪ್ಲೊಮಾ ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಮೂರು ವರ್ಷ, ಪಿಯು ವಿಜ್ಞಾನ ಓದಿದವರಿಗೆ ಎರಡು ವರ್ಷ. ಪದವಿ ಬೇಕೆಂದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿ.ಎಸ್ಸಿ ಎಂಎಲ್‌ಟಿ ಇದೆ. ಸಂಸತ್ತು 2021ರಲ್ಲಿ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯನ್ನು ತಂದಿತು. ಅದರ ಪ್ರಕಾರ ಸಹಾಯಕ ಆರೋಗ್ಯ ವೃತ್ತಿಪರ ಎನಿಸಿಕೊಳ್ಳಲು ಕನಿಷ್ಠ ಎರಡು ವರ್ಷಗಳಲ್ಲಿ ಹರಡಿದ 2,000 ಗಂಟೆಗಳ ಕಲಿಕೆ ಬೇಕು. ದಿನಕ್ಕೆ ಆರು ಗಂಟೆಯಂತೆ ಲೆಕ್ಕ ಹಾಕಿದರೂ ಮುನ್ನೂರ ಮೂವತ್ತಕ್ಕೂ ಹೆಚ್ಚು ದಿನ. ಹೀಗಿರುವಾಗ ‘ಆರು ತಿಂಗಳಲ್ಲಿ ಲ್ಯಾಬ್ ಟೆಕ್ನಿಷಿಯನ್, ನೌಕರಿ ಗ್ಯಾರಂಟಿ’ ಎನ್ನುವ ಜಾಹೀರಾತು ಕಂಡರೆ ಅದು ಮೋಸವೆಂದೇ ತಿಳಿಯಬೇಕು. ಹೊಲದ ದುಡಿಮೆಯಿಂದ ಉಳಿಸಿದ ಹಣ ಅಲ್ಲಿ ಹೋಗುತ್ತದೆ. ಕೊನೆಗೆ ಯಾವ ಮಂಡಳಿಯೂ ಒಪ್ಪದ ಕಾಗದ ಕೈಯಲ್ಲಿ ಉಳಿಯುತ್ತದೆ.

ಮಾನ್ಯತೆ ಇರುವ ಕೋರ್ಸಿನಲ್ಲೂ ಆ ಗಂಟೆಗಳು ಎಲ್ಲಿ ಕಳೆಯುತ್ತವೆ ಎಂಬುದು ಮುಖ್ಯ. ಕಫ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಕ್ಷಯದ ಸೂಕ್ಷ್ಮಜೀವಿ ‘ಇಲ್ಲ’ ಎಂದು ಬರೆಯುವ ಮುನ್ನ ಮೈಕ್ರೊಸ್ಕೋಪಿನಲ್ಲಿ ಕನಿಷ್ಠ ನೂರು ನೋಟಗಳನ್ನು ಒಂದೊಂದಾಗಿ ಸರಿಸಿ ನೋಡಬೇಕು. ಕತ್ತು ನೋಯುತ್ತದೆ, ಕಣ್ಣು ಸೋಲುತ್ತದೆ. ಮೂವತ್ತಕ್ಕೇ ನಿಲ್ಲಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ, ಆದರೆ ಆ ರೋಗಿ ಇನ್ನೂ ಕೆಲವು ತಿಂಗಳು ಮನೆಯವರಿಗೆಲ್ಲ ರೋಗ ಹಂಚುತ್ತ ಕೆಮ್ಮಬಹುದು. ನೂರನೆಯ ನೋಟದವರೆಗೂ ಕೂರುವ ಶಿಸ್ತು ಹಿರಿಯ ಟೆಕ್ನಿಷಿಯನ್ ಒಬ್ಬರನ್ನು ನೋಡಿ ಬರುವುದೇ ಹೊರತು ಪರೀಕ್ಷೆಯ ಅಂಕಪಟ್ಟಿಯಿಂದ ಬರುವುದಿಲ್ಲ.

ಮಲೇರಿಯಾದ ಸ್ಲೈಡೂ ಹಾಗೆಯೇ. ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ಊರುಗಳಿಂದ ಜನ ಮಂಗಳೂರು, ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ. ಮಂಗಳೂರು ದಶಕಗಳಿಂದ ಮಲೇರಿಯಾ ಕಾಡಿದ ನಗರ. ಹಬ್ಬಕ್ಕೋ ಬಿತ್ತನೆಗೋ ಊರಿಗೆ ಮರಳಿದವರ ಚಳಿಜ್ವರ ಯಾವುದೆಂದು ಹೇಳಬೇಕಾದವರು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಟೆಕ್ನಿಷಿಯನ್. ಇತ್ತ ಗಂಗಾವತಿ ಭಾಗದಲ್ಲಿ ತುಂಗಭದ್ರೆಯ ಕಾಲುವೆ, ನೀರು ನಿಂತ ಭತ್ತದ ಗದ್ದೆ, ಸೊಳ್ಳೆ. ಒಂದೇ ಜಿಲ್ಲೆಯೊಳಗೆ ಕಾಯಿಲೆಯ ಬಗೆ ತಾಲ್ಲೂಕಿನಿಂದ ತಾಲ್ಲೂಕಿಗೆ ಬದಲಾಗುತ್ತದೆ. ದೂರದ ನಗರದ ಕಾಲೇಜಿನಲ್ಲಿ ಕಲಿತು ಬಂದವರಿಗೆ ಈ ಹರಹು ಕಾಣಬೇಕೆಂದಿಲ್ಲ.

ಇನ್ನೊಂದು ಉದಾಹರಣೆ ಈ ನೆಲಕ್ಕೆ ತೀರ ಹತ್ತಿರದ್ದು. ಕುಷ್ಟಗಿ, ಯಲಬುರ್ಗಾ ಸೀಮೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಬಹಳ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬ ಮಿತಿಯನ್ನು ಅದು ಎಷ್ಟೋ ಕಡೆ ಮೀರಿದೆ. ಮಕ್ಕಳ ಹಲ್ಲಿನ ಕಂದು ಕಲೆ, ಹಿರಿಯರ ಬಾಗಿದ ಬೆನ್ನು ಅದರ ಗುರುತು. ಅದೇ ಫ್ಲೋರೈಡ್ ಲ್ಯಾಬಿನ ಬೂದು ಮುಚ್ಚಳದ ಟ್ಯೂಬಿನಲ್ಲಿ ರೋಗಿಯ ಸಹಾಯಕ್ಕೆ ನಿಲ್ಲುತ್ತದೆ. ರಕ್ತವನ್ನು ಸುಮ್ಮನೆ ಇಟ್ಟರೆ ರಕ್ತಕಣಗಳು ಅದರ ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಗಂಟೆಗೆ ಶೇ 5ರಿಂದ 7ರಷ್ಟು ಇಳಿಯುತ್ತದೆ. ಬೇಸಿಗೆಯ ಬಿಸಿಲಲ್ಲಿ, ಹಳ್ಳಿಯಿಂದ ತಾಲ್ಲೂಕಿಗೆ ಬೈಕಿನಲ್ಲಿ ಬರುವ ಮಾದರಿಯ ಕಥೆ ಏನಾದೀತು? ಫ್ಲೋರೈಡ್ ಆ ಸೋರಿಕೆಯನ್ನು ಬಹುಮಟ್ಟಿಗೆ ತಡೆಯುತ್ತದೆ. ಯಾವ ಟ್ಯೂಬಿಗೆ ಯಾಕೆ ರಕ್ತ ಹಾಕುತ್ತೇನೆ ಎಂದು ತಿಳಿಯದವರು ಸಕ್ಕರೆ ಕಾಯಿಲೆ ಇದ್ದವರಿಗೂ ‘ನಾರ್ಮಲ್’ ಎಂದು ಬರೆದುಕೊಟ್ಟಾರು. ರಕ್ತ ಸಾಲದಾದಾಗ ನೇರಳೆ ಟ್ಯೂಬಿನಿಂದ ಕೆಂಪು ಟ್ಯೂಬಿಗೆ ಒಂದಿಷ್ಟು ಸುರಿದರೆ ಪೊಟ್ಯಾಸಿಯಂ ಸುಳ್ಳೇ ಏರುತ್ತದೆ, ಕ್ಯಾಲ್ಸಿಯಂ ಸುಳ್ಳೇ ಇಳಿಯುತ್ತದೆ. ಲ್ಯಾಬಿನ ತಪ್ಪುಗಳಲ್ಲಿ ಹೆಚ್ಚಿನವು ಯಂತ್ರಕ್ಕೆ ಮಾದರಿ ಸೇರುವ ಮುನ್ನವೇ ಆಗಿಬಿಡುತ್ತವೆ.

ಈ ‘ಯಾಕೆ’ಯನ್ನು ಯಾವ ಭಾಷೆಯಲ್ಲಿ ಹೇಳಿಕೊಡುತ್ತೇವೆ? ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ ಹುಡುಗಿಗೆ ಡಿಪ್ಲೊಮಾದ ಮೊದಲ ದಿನವೇ ಇಂಗ್ಲಿಷ್ ಪುಸ್ತಕ ಎದುರಾಗುತ್ತದೆ. ಅರ್ಥವಾಗದ್ದನ್ನು ಬಾಯಿಪಾಠ ಮಾಡುತ್ತಾಳೆ, ಪಾಸೂ ಆಗುತ್ತಾಳೆ. ಆದರೆ ಕಾರಣ ತಿಳಿಯದೆ ಕಲಿತ ವಿಧಾನ ಸಣ್ಣ ಅಡಚಣೆ ಬಂದರೂ ಕೈಕೊಡುತ್ತದೆ. ಹೆಸರುಗಳು ಇಂಗ್ಲಿಷಿನಲ್ಲೇ ಇರಲಿ, ತಕರಾರಿಲ್ಲ. ವಿವರಣೆ ಕನ್ನಡದಲ್ಲಿರಲಿ. ಚಿತ್ರಸಹಿತವಾದ ಒಂದು ಕೈಪಿಡಿ, ಲ್ಯಾಬಿನ ಗೋಡೆಗೆ ಅಂಟಿಸುವ ಕ್ರಮಪಟ್ಟಿ, ಇಷ್ಟನ್ನು ಸಿದ್ಧಪಡಿಸುವುದು ಅರೆವೈದ್ಯಕೀಯ ಮಂಡಳಿಗೆ ದೊಡ್ಡ ಖರ್ಚಲ್ಲ. ರೋಗಿಯ ಜೊತೆ ಮಾತಾಡುವುದೂ ಈ ವೃತ್ತಿಯ ಪಾಠವೇ. ‘ಯವ್ವಾ, ಕೈ ಸಡ್ಲ ಬಿಡ್ರಿ, ಒಂದು ಇರುವೆ ಕಚ್ಚಿದಂಗ ಆಕ್ಕೈತಿ’ ಎಂದು ಹೇಳಬಲ್ಲ ಟೆಕ್ನಿಷಿಯನ್ ಎದುರು ಹೆದರಿದ ಬಸುರಿಯೂ ಮುಷ್ಟಿ ಸಡಿಲಿಸುತ್ತಾಳೆ, ನರ ಮೊದಲ ಸಲಕ್ಕೇ ಸಿಗುತ್ತದೆ.

ಆ ಬಸುರಿಯ ರಕ್ತದ ಲೆಕ್ಕ ತಪ್ಪುವಂತಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ರಾಜ್ಯದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ತಾಯಿ ಕಾರ್ಡಿನಲ್ಲಿ ಬರೆಯುವ ಹಿಮೋಗ್ಲೋಬಿನ್ ಸಂಖ್ಯೆ ತಪ್ಪಾದರೆ ಹೆರಿಗೆಯ ಮೇಜಿನ ಮೇಲೆ ಅದು ಗೊತ್ತಾಗುತ್ತದೆ. ಆಗ ತಡವಾಗಿರುತ್ತದೆ.

ಮಾಡಬೇಕಾದ್ದಕ್ಕೆ ಬೇಕಾದ ಸಾಮಗ್ರಿ ಜಿಲ್ಲೆಯೊಳಗೇ ಇದೆ. ಕೊಪ್ಪಳದಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾದಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ, ಬೆಳಿಗ್ಗೆಯೇ ಅವುಗಳ ಲ್ಯಾಬಿನ ಮುಂದೆ ಸಾಲು ನಿಂತಿರುತ್ತದೆ. ಈ ಮೂರೂ ಲ್ಯಾಬ್‌ಗಳನ್ನು ಕಲಿಕೆಯ ಲ್ಯಾಬ್‌ಗಳೆಂದು ಅಧಿಕೃತವಾಗಿ ಗುರುತಿಸಿ, ಸರ್ಕಾರಿ, ಖಾಸಗಿ ಎನ್ನದೆ ಜಿಲ್ಲೆಯ ಎಲ್ಲ ಡಿಪ್ಲೊಮಾ ವಿದ್ಯಾರ್ಥಿಗಳನ್ನು ಸರದಿಯಲ್ಲಿ ಕಳಿಸಬೇಕು. ಕಲಿಸುವ ಹಿರಿಯ ಟೆಕ್ನಿಷಿಯನ್‌ಗೆ ಗೌರವಧನ ಕೊಡಬೇಕು. ಇಂದು ಅವರು ಎರಡು ಪಟ್ಟು ಕೆಲಸ ಹೊತ್ತಿದ್ದಾರೆ, ಬಿಟ್ಟಿಯಾಗಿ ಕಲಿಸಿ ಎನ್ನುವುದು ನ್ಯಾಯವಲ್ಲ. ಪ್ರತಿ ವಿದ್ಯಾರ್ಥಿಯೂ ಎಷ್ಟು ಬಾರಿ ರಕ್ತ ತೆಗೆದ, ಎಷ್ಟು ಸ್ಲೈಡ್ ಓದಿದ ಎಂಬುದು ದಿನಚರಿಯಲ್ಲಿ ಮೇಲ್ವಿಚಾರಕರ ಸಹಿಯೊಂದಿಗೆ ದಾಖಲಾಗಬೇಕು, ಅದಿಲ್ಲದೆ ಅಂತಿಮ ಪರೀಕ್ಷೆಗೆ ಕೂರಿಸಬಾರದು.

ಹೀಗೆ ಕಲಿತವರಿಗೆ ಕೆಲಸವೇನೂ ಕಡಿಮೆಯಾಗುವುದಿಲ್ಲ. ರಾಷ್ಟ್ರೀಯ ಮಾನದಂಡದಂತೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ 63 ಬಗೆಯ ಪರೀಕ್ಷೆ ಸಿಗಬೇಕು. ಸಂವಿಧಾನದ 371(ಜೆ) ವಿಧಿಯ ಅನ್ವಯ ಕೊಪ್ಪಳವೂ ಸೇರಿದ ಕಲ್ಯಾಣ ಕರ್ನಾಟಕದ ಗ್ರೂಪ್–ಸಿ ಹುದ್ದೆಗಳಲ್ಲಿ ಶೇ 80ರಷ್ಟು ಸ್ಥಳೀಯರಿಗೆ ಮೀಸಲು. ಆ ಹುದ್ದೆಗೆ ಬೇಕಾದ ಕೈಗಳನ್ನು ಇಲ್ಲೇ ಪಳಗಿಸದಿದ್ದರೆ ಮೀಸಲಾತಿಯ ಫಲ ಕಾಗದದಲ್ಲೇ ಉಳಿಯುತ್ತದೆ.

ಖಾಸಗಿ ಲ್ಯಾಬ್‌ಗಳೂ ಹೊಣೆ ಹೊರಬೇಕು. ರಿಪೋರ್ಟಿಗೆ ಪೆಥಾಲಜಿಯಲ್ಲಿ ಸ್ನಾತಕೋತ್ತರ ಓದಿದ ವೈದ್ಯರ ಸಹಿ ಬೇಕೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ಹೇಳಿತು. ಸ್ಲೈಡನ್ನೇ ನೋಡದೆ ಹಾಕಿದ ಸಹಿಗೆ ಬೆಲೆಯಿಲ್ಲ. ಕಲಿಯಲು ಬಂದವರನ್ನು ತಿಂಗಳಿಗೆ ನಾಲ್ಕು ಕಾಸು ಕೊಟ್ಟು ದುಡಿಸಿಕೊಂಡು ಕಳಿಸುವುದೂ ತರಬೇತಿಯಲ್ಲ.

ಮಗಳನ್ನೋ ಮಗನನ್ನೋ ಈ ಕೋರ್ಸಿಗೆ ಸೇರಿಸಲು ಹೊರಟ ತಂದೆ–ತಾಯಿಯರಲ್ಲಿ ಒಂದು ವಿನಂತಿ. ಶುಲ್ಕ ಎಷ್ಟೆಂದು ಕೇಳುವ ಮುನ್ನ ಮಂಡಳಿಯ ಮಾನ್ಯತೆಯ ಪತ್ರ ತೋರಿಸಿ ಎನ್ನಿ. ಆಮೇಲೆ, ನಮ್ಮ ಮಕ್ಕಳು ಯಾವ ಆಸ್ಪತ್ರೆಯ ಲ್ಯಾಬಿನಲ್ಲಿ ನಿಂತು ಕಲಿಯುತ್ತಾರೆ, ಆ ಲ್ಯಾಬನ್ನು ಒಮ್ಮೆ ನೋಡಬೇಕು ಎಂದು ಕೇಳಿ. ತೋರಿಸಲು ಹಿಂದೇಟು ಹಾಕಿದರೆ ಅಲ್ಲಿ ಹಣ ಕಟ್ಟಬೇಡಿ.