ನಮ್ಮ ಮಾಳಿಗೆಯ ನೀರು ಯಾರ ಮನೆಗೆ?

ಮುಂದಿನ ಸಲ ಬಿರುಸಾದ ಮಳೆ ಬಂದಾಗ ಕಿಟಕಿ ಮುಚ್ಚಿ ಕುಳಿತುಕೊಳ್ಳುವ ಬದಲು ಕೊಡೆ ಹಿಡಿದು ಒಮ್ಮೆ ಅಂಗಳಕ್ಕೆ ಇಳಿಯಿರಿ. ತಾರಸಿಯಿಂದ ಕೆಳಗಿಳಿಯುವ ಕೊಳವೆ ಎಲ್ಲಿಗೆ ಹೋಗಿ ಸೇರುತ್ತದೆಂದು ನೋಡಿರಿ. ಬೆಂಗಳೂರಿನ ಅನೇಕ ಮನೆಗಳಲ್ಲಿ ಅದು ಗೇಟಿನ ಪಕ್ಕದ ಒಳಚರಂಡಿಯ ಗುಂಡಿಗೆ ಸೇರುತ್ತದೆ. ಕಟ್ಟಿದ ಮೇಸ್ತ್ರಿಗೆ ಅದು ಸುಲಭದ ದಾರಿ. ಅಂಗಳದಲ್ಲಿ ನೀರು ನಿಲ್ಲದಿದ್ದರೆ ನಮಗೂ ಅಷ್ಟೇ ಸಾಕು. ಆದರೆ ಅದೇ ಗುಂಡಿಗೆ ನಮ್ಮ ಶೌಚಾಲಯದ ನೀರೂ ಬರುತ್ತದೆ. ಕೊಳಚೆಗೆಂದು ಹಾಕಿದ ಸಣ್ಣ ಕೊಳವೆಗೆ ಇಡೀ ಬೀದಿಯ ಮಾಳಿಗೆಗಳ ಮಳೆನೀರು ನುಗ್ಗಿದಾಗ ತಗ್ಗಿನ ಬೀದಿಯಲ್ಲಿ ಮ್ಯಾನ್‌ಹೋಲಿನ ಮುಚ್ಚಳ ಮೇಲೇಳುತ್ತದೆ. ಅಲ್ಲಿ ಉಕ್ಕಿ ಹರಿಯುವುದು ನಮ್ಮ ಮನೆಯ ನೀರು. ನಾವು ಮಾತ್ರ ಮರುದಿನ ಪತ್ರಿಕೆಯಲ್ಲಿ ಅದರ ಚಿತ್ರ ನೋಡಿ ಸರಕಾರವನ್ನು ಬೈಯುತ್ತೇವೆ.

ಮಳೆಯ ನೀರು ಬೇರೆ, ಕೊಳಚೆಯ ನೀರು ಬೇರೆ. ಇದು ಮಕ್ಕಳಿಗೂ ತಿಳಿದ ಮಾತು. ನಗರದ ವ್ಯವಸ್ಥೆಯನ್ನೂ ಹಾಗೆಯೇ ರೂಪಿಸಲಾಗಿದೆ. ಕೊಳಚೆಗೆ ಒಳಚರಂಡಿ, ಅದರ ಹೊಣೆ ಜಲಮಂಡಳಿಯದು; ಮಳೆಗೆ ರಾಜಕಾಲುವೆ, ಅದರ ಹೊಣೆ ಪಾಲಿಕೆಯದು. ಕಾಗದದ ಮೇಲೆ ಇವೆರಡೂ ಎಲ್ಲಿಯೂ ಕೂಡುವುದಿಲ್ಲ. ನೆಲದ ಮೇಲೆ ಒಳಚರಂಡಿಯಲ್ಲಿ ಮಳೆ ಹರಿಯುತ್ತಿದೆ, ರಾಜಕಾಲುವೆಯಲ್ಲಿ ಕೊಳಚೆ ಹರಿಯುತ್ತಿದೆ. 2007ರಲ್ಲಿ ನಗರಕ್ಕೆ ಸೇರಿಸಿದ 110 ಹಳ್ಳಿಗಳಿಗೆ ಒಳಚರಂಡಿ ತಲುಪುವ ಮೊದಲೇ ಬಹುಮಹಡಿ ಕಟ್ಟಡಗಳು ತಲುಪಿದವು. ಅವುಗಳ ಕೊಳಚೆ ಹತ್ತಿರದ ಕಾಲುವೆಯನ್ನೇ ಹಿಡಿಯಿತು. ನಮ್ಮ ನೆರೆಗೂ ನಮ್ಮ ಕೆರೆಗಳ ಮಾಲಿನ್ಯಕ್ಕೂ ಮೂಲ ಈ ಬೆರಕೆಯಲ್ಲಿದೆ ಎಂಬುದು ನನ್ನ ವಾದ. ಅದರಲ್ಲಿ ನಮ್ಮ ಪಾಲೂ ಇದೆ.

ಬೆಂಗಳೂರು ನದಿಯ ದಡದ ಊರಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕುಳಿತ ಊರು. ಇಲ್ಲಿ ಬಿದ್ದ ಮಳೆ ಮುಖ್ಯವಾಗಿ ವೃಷಭಾವತಿ, ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ ಎಂಬ ಮೂರು ಕಣಿವೆಗಳಾಗಿ ಹಂಚಿಹೋಗುತ್ತದೆ. ಹಿಂದಿನವರು ಈ ಇಳಿಜಾರಿಗೆ ಅಡ್ಡಲಾಗಿ ಏರಿ ಕಟ್ಟಿ ಒಂದರ ಕೆಳಗೊಂದು ಕೆರೆ ಮಾಡಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ. ತೂಬು ಎತ್ತಲು, ಇಳಿಸಲು ಊರಿಗೊಬ್ಬ ನೀರಗಂಟಿ. ಆ ವ್ಯವಸ್ಥೆಯಲ್ಲಿ ನೆರೆಯನ್ನು ತಡೆಯುವ ಉಪಾಯವೂ ಬರಗಾಲಕ್ಕೆ ನೀರು ಕೂಡಿಡುವ ಉಪಾಯವೂ ಒಂದೇ ಆಗಿತ್ತು. ನಾವು ಧರ್ಮಾಂಬುಧಿ ಕೆರೆಯನ್ನು ಬಸ್ ನಿಲ್ದಾಣ ಮಾಡಿದೆವು, ಸಂಪಂಗಿ ಕೆರೆಯನ್ನು ಕಂಠೀರವ ಕ್ರೀಡಾಂಗಣ ಮಾಡಿದೆವು. ಮಹಾಲೇಖಪಾಲರ 2021ರ ವರದಿಯೊಂದು, ಕಳೆದ ಶತಮಾನದ ಆರಂಭದಲ್ಲಿದ್ದ ಕಾಲುವೆಗಳ ಉದ್ದ ಕೋರಮಂಗಲ ಮತ್ತು ವೃಷಭಾವತಿ ಕಣಿವೆಗಳಲ್ಲಿ ಸುಮಾರು ಅರ್ಧಕ್ಕೆ ಇಳಿದಿದೆಯೆಂದು ಲೆಕ್ಕ ಕೊಟ್ಟಿತು. ಕಾಲುವೆ ಹೋಯಿತು, ಇಳಿಜಾರು ಎಲ್ಲಿಗೆ ಹೋದೀತು?

2022ರ ಸೆಪ್ಟೆಂಬರ್ ಮೊದಲ ವಾರವನ್ನು ನೆನಪಿಸಿಕೊಳ್ಳಿರಿ. ಒಂದೇ ರಾತ್ರಿ ನಗರದಲ್ಲಿ ಸುಮಾರು 130 ಮಿಲಿಮೀಟರ್ ಮಳೆ ಸುರಿಯಿತು. ಹೊರವರ್ತುಲ ರಸ್ತೆ ಹೊಳೆಯಾಯಿತು. ಕೋಟಿಗಟ್ಟಲೆ ಬೆಲೆಯ ಬಂಗಲೆಗಳಿಂದ ಜನ ಟ್ರ್ಯಾಕ್ಟರ್ ಏರಿ ಹೊರಬಂದರು. ಅದೇ ಮಳೆಗೆ ತೊರೆಕಾಡನಹಳ್ಳಿಯ ಪಂಪುಮನೆಯೂ ಮುಳುಗಿ ಕಾವೇರಿ ನೀರಿನ ಸರಬರಾಜು ನಿಂತಿತು. ಮೊಣಕಾಲುದ್ದ ನೀರಿನಲ್ಲಿ ನಿಂತು ಟ್ಯಾಂಕರಿಗೆ ಫೋನು ಮಾಡುವ ನಗರ! ಒಂದೂವರೆ ವರ್ಷ ಕಳೆದು 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ, ಕುಡಿಯುವ ನೀರಿನಿಂದ ಕಾರು ತೊಳೆದವರಿಗೆ ಜಲಮಂಡಳಿ 5,000 ರೂಪಾಯಿ ದಂಡ ವಿಧಿಸತೊಡಗಿತು. ಮಳೆಯನ್ನು ಕಸದಂತೆ ಹೊರಗೆ ತಳ್ಳುವವರಿಗೆ ಬೇಸಗೆಯಲ್ಲಿ ಇನ್ನೇನು ಸಿಗಬೇಕು?

ಪ್ರತಿ ನೆರೆಯ ಬಳಿಕ ಆಳುವವರ ಉತ್ತರ ಹೆಚ್ಚುಕಡಿಮೆ ಒಂದೇ: ರಾಜಕಾಲುವೆಗೆ ಎತ್ತರದ ಕಾಂಕ್ರೀಟ್ ಗೋಡೆ. ಗೋಡೆ ಬೇಡವೆಂದು ನಾನು ಹೇಳುತ್ತಿಲ್ಲ, ದಡ ಕುಸಿಯುವಲ್ಲಿ ಅದು ಬೇಕು. ಆದರೆ ತಳವೂ ಗೋಡೆಯೂ ಕಾಂಕ್ರೀಟಾದ ಕಾಲುವೆಯಲ್ಲಿ ಒಂದು ಹನಿಯೂ ಇಂಗುವುದಿಲ್ಲ. ನೀರು ಮೊದಲಿಗಿಂತ ವೇಗವಾಗಿ ಓಡಿ ಕೆಳಗಿನವರ ಬಾಗಿಲು ಬಡಿಯುತ್ತದೆ. ಇನ್ನೊಂದು ಉತ್ತರ, ಒತ್ತುವರಿ ತೆರವು. 2016ರ ಆಗಸ್ಟಿನಲ್ಲಿ ಅನುಮೋದಿತ ನಕ್ಷೆಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದ ಕುಟುಂಬಗಳ ಮನೆಗಳನ್ನು ಜೆಸಿಬಿ ಕೆಡವಿತು. ನಕ್ಷೆಗೆ ಸಹಿ ಹಾಕಿದ ಕೈಗಳನ್ನು ಯಾರೂ ಅಷ್ಟು ರಭಸದಿಂದ ಹುಡುಕಲಿಲ್ಲ. (2025ರಲ್ಲಿ ಒಂದು ಪಾಲಿಕೆ ಹೋಗಿ ಐದು ಪಾಲಿಕೆಗಳು ಬಂದಿವೆ. ನೀರಿಗೆ ಗಡಿ ಗೊತ್ತಿಲ್ಲ. ಮೇಲಿನ ಪಾಲಿಕೆಯ ಕೊಳಚೆಗೆ ಕೆಳಗಿನ ಪಾಲಿಕೆ ಯಾರನ್ನು ಕೇಳಬೇಕೋ!)

ಬೆಳ್ಳಂದೂರಿನ ಮಾತು ನಿಮಗೆ ಗೊತ್ತೇ ಇದೆ. 2015ರಲ್ಲಿ ಆ ಕೆರೆಯ ನೊರೆಗೆ ಬೆಂಕಿ ಹತ್ತಿತು. 2017ರಲ್ಲಿ ಮತ್ತೆ ಹೊಗೆ. 2018ರ ಜನವರಿಯಲ್ಲಿ ಕೆರೆಯಂಗಳದ ಹುಲ್ಲಿಗೆ ಹತ್ತಿದ ಬೆಂಕಿಯನ್ನು ಆರಿಸಲು ಸೇನೆಯ ಯೋಧರೂ ಇಳಿಯಬೇಕಾಯಿತು. ಕಾರ್ಖಾನೆಗಳ ವಿಷವೇ ಇದಕ್ಕೆಲ್ಲ ಕಾರಣವೆಂದು ನಂಬಿಕೊಂಡರೆ ನಮಗೆ ನೆಮ್ಮದಿ. ಆದರೆ ಆ ಕೆರೆಗೆ ಬಂದು ಬಿದ್ದದ್ದು ಬಹುಪಾಲು ಮನೆಗಳ ಕೊಳಚೆ. ರಸ್ತೆಗೆ ಹಾರಿದ ಆ ಬಿಳಿ ನೊರೆ ನಮ್ಮ ಬಟ್ಟೆ ತೊಳೆಯುವ ಪುಡಿಯದು. ಹಬ್ಬದ ಬೆಳಿಗ್ಗೆ ನಾವು ಧರಿಸಿ ಬರುವ ಬಿಳಿಯಂಗಿಯ ಬಿಳುಪು ಯಾವ ನೀರನ್ನು ಕಪ್ಪು ಮಾಡಿ ಬಂದಿತೆಂದು ಒಮ್ಮೆ ಯೋಚಿಸಿರಿ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತ ಉದ್ಘಾಟನೆಯಾಗಿ, ದಿನಕ್ಕೆ 145 ಕೋಟಿ ಲೀಟರಿನ ಜೊತೆಗೆ ಇನ್ನೂ 77.5 ಕೋಟಿ ಲೀಟರ್ ತರುವ ಯೋಜನೆ ಕೈಗೂಡಿದಾಗ ನಾವು ಸಂತೋಷಪಟ್ಟೆವು. ಮನೆಗೆ ಬಂದ ನೀರಿನ ನೂರರಲ್ಲಿ ಎಂಬತ್ತು ಪಾಲು ಕೊಳಚೆಯಾಗಿ ಹೊರಬೀಳುತ್ತದೆ ಎಂಬುದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ. ಅಷ್ಟು ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆತ್ತಿ ತಂದ ನೀರು ಬಳಿಕ ಎಲ್ಲಿಗೆ ಹೋಗುತ್ತದೆಂದು ಸಂತೋಷಪಟ್ಟವರಲ್ಲಿ ಎಷ್ಟು ಮಂದಿ ಕೇಳಿದೆವು?

ಹೇಳುತ್ತೇನೆ. ವೃಷಭಾವತಿಯದು ಬಿಡದಿಯ ಬಳಿಯ ಬೈರಮಂಗಲ ಕೆರೆಗೆ; ಅಲ್ಲಿಂದ ಅರ್ಕಾವತಿಗೆ, ಸಂಗಮದಲ್ಲಿ ಕಾವೇರಿಗೆ. ಬೈರಮಂಗಲದ ಸುತ್ತಲಿನ ರೈತರು ಆ ಕಪ್ಪು ನೀರಿನಲ್ಲೇ ಬೆಳೆ ತೆಗೆದಿದ್ದಾರೆ. ಬೆಳ್ಳಂದೂರಿನದು ವರ್ತೂರು ದಾಟಿ ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿಗೆ. 2018ರ ಜೂನಿನಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಕೊಳವೆಬಾವಿಯಲ್ಲಿ ನೀರು ಏರಿತೆಂದು ಸಂತೋಷಪಟ್ಟ ರೈತರು ಅಲ್ಲಿದ್ದಾರೆ; ಮೂರನೆಯ ಹಂತದ ಶುದ್ಧೀಕರಣ ನಮಗೇಕಿಲ್ಲ ಎಂದು ಕೇಳುವವರೂ ಇದ್ದಾರೆ. ನ್ಯಾಯವಾದ ಪ್ರಶ್ನೆ. ನಾವು ಕುಡಿಯುವ ಕಾವೇರಿಯನ್ನು ಸಂಗಮಕ್ಕಿಂತ ಮೇಲೆಯೇ ಎತ್ತಿಕೊಳ್ಳುತ್ತೇವೆ, ನಮ್ಮ ಕೊಳಚೆ ಅದರ ಕೆಳಗೆ ಸೇರುತ್ತದೆ. ನಾವು ಬಿಟ್ಟದ್ದು ನಮ್ಮ ಲೋಟಕ್ಕೆ ಮರಳಿ ಬರುವುದಿಲ್ಲ. ಬಂದಿದ್ದರೆ ಎಂದೋ ಸರಿಹೋಗುತ್ತಿತ್ತು.

ಈಗ ನನ್ನದೇ ತಪ್ಪಿನ ಕಥೆ. ನಮ್ಮ ದೇವಾಲಯದ ಆವರಣ ಅರ್ಧ ಎಕರೆಗಿಂತ ತುಸು ಹೆಚ್ಚು. ಮೊದಲು ಅದು ಮಣ್ಣಿನ ನೆಲ. ಮೂಲೆಯಲ್ಲಿ ಒಂದು ಬಾವಿ. ಬಿದ್ದ ಕೊಡ ಎತ್ತಲು ಪಾತಾಳಗರಡಿಯನ್ನು ನೆರೆಯ ಹಿಂದೂ ಮನೆಯಿಂದ ಕೇಳಿ ತರುತ್ತಿದ್ದುದು ನನಗೆ ನೆನಪಿದೆ. ಬಾವಿ ಬತ್ತಿತು, ಮಕ್ಕಳು ಬಿದ್ದಾರೆಂಬ ಭಯಕ್ಕೆ ಅದರ ಮೇಲೆ ಚಪ್ಪಡಿ ಬಂತು. ಕಾರುಗಳು ಹೆಚ್ಚಿದವು, ವಾರ್ಷಿಕ ಹಬ್ಬಕ್ಕೆ ಕೆಸರಾಗುತ್ತದೆಂದು ಯಾರೋ ಅಂದರು. ಪಾಲನಾ ಸಮಿತಿಯಲ್ಲಿ ಇಡೀ ಆವರಣಕ್ಕೆ ಕಾಂಕ್ರೀಟ್ ಹಾಸಿ ಮೇಲೆ ಹೆಂಚುಕಲ್ಲು ಕೂರಿಸುವ ಪ್ರಸ್ತಾವ ಬಂದಾಗ ಕೈ ಎತ್ತಿದವರಲ್ಲಿ ನಾನೂ ಒಬ್ಬ. ನೀರು ನಿಲ್ಲದಂತೆ ಹಿಂದಿನ ಗೋಡೆಯಲ್ಲಿ ಎರಡು ಕಿಂಡಿ ಬಿಟ್ಟೆವು. ಗೋಡೆಯ ಹಿಂದೆ ತಗ್ಗಿನ ಗಲ್ಲಿ. ಅಲ್ಲಿರುವವರು ನಮ್ಮ ಧರ್ಮಕೇಂದ್ರದವರೇ. ದೇವಾಲಯ ಗುಡಿಸುವ ಅಮ್ಮನ ಮನೆಯೂ ಅಲ್ಲೇ.

2022ರ ಆ ರಾತ್ರಿ ಗಲ್ಲಿಯ ಕುಟುಂಬಗಳು ಮಕ್ಕಳನ್ನೂ ಅಕ್ಕಿ ಡಬ್ಬಗಳನ್ನೂ ಎತ್ತಿಕೊಂಡು ಮೇಲೆ ಬಂದವು. ಧರ್ಮೋಪದೇಶದ ಕೊಠಡಿಗಳಲ್ಲಿ ಚಾಪೆ ಹಾಸಿದೆವು, ಬೆಳಿಗ್ಗೆ ಉಪ್ಪಿಟ್ಟು ಮಾಡಿ ಬಡಿಸಿದೆವು, ಕಂಬಳಿ ಹಂಚಿದೆವು. ಭಾನುವಾರ ಗುರುಗಳು ನಮ್ಮ ಉದಾರತೆಯನ್ನು ಮೆಚ್ಚಿ ಮಾತನಾಡಿದರು. ನನಗೆ ಲೆಕ್ಕ ಹೊಳೆದದ್ದು ಅದಾದ ಮೇಲೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಅರ್ಧ ಎಕರೆ ಎಂದರೆ ಎರಡು ಸಾವಿರಕ್ಕೂ ಮಿಕ್ಕ ಚದರ ಮೀಟರ್. 130 ಮಿಲಿಮೀಟರಿಗೆ ಎರಡೂವರೆ ಲಕ್ಷ ಲೀಟರಿಗೂ ಹೆಚ್ಚು. ಅಷ್ಟು ನೀರನ್ನು ಎರಡು ಕಿಂಡಿಗಳಿಂದ ಆ ಮನೆಗಳ ಮೇಲೆ ಬಿಟ್ಟವರು ನಾವು. ನಾವೇ ಕಳುಹಿಸಿದ ನೀರಿಗೆ ನಾವೇ ಕಂಬಳಿ ಕೊಟ್ಟು ಅದನ್ನು ದಾನವೆಂದು ಕರೆದೆವು.

ಇದೆಲ್ಲ ಸರಕಾರದ ಕೆಲಸವಲ್ಲವೇ ಎಂದು ನೀವು ಕೇಳುವಿರಿ. ಹೌದು, ಶುದ್ಧೀಕರಣ ಘಟಕ, ಕಾಲುವೆ, ಕೆರೆ ಎಲ್ಲವೂ ಸರಕಾರದ ಹೊಣೆ, ಅದನ್ನು ಬಿಡದೆ ಕೇಳಬೇಕು. ಆದರೆ ಮಳೆಕೊಯ್ಲನ್ನು ಬೆಂಗಳೂರಿನಲ್ಲಿ 2009ರಲ್ಲೇ ಕಾನೂನು ಕಡ್ಡಾಯ ಮಾಡಿದೆ. 60x40ರ ಹಳೆಯ ಮನೆಗಳಿಗೂ, 30x40ರ ಹೊಸ ಮನೆಗಳಿಗೂ. ಆ ಕಾನೂನನ್ನು ಪಾಲಿಸದೆ ತಿಂಗಳ ಬಿಲ್ಲಿನೊಂದಿಗೆ ದಂಡ ಕಟ್ಟಿ ಸುಮ್ಮನಿರುವವರು ನಮ್ಮಲ್ಲಿ ಇಲ್ಲವೇ? ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. 1,200 ಚದರಡಿಯ ಮಾಳಿಗೆಯ ಮೇಲೆ ಅದು ಒಂದು ಲಕ್ಷ ಲೀಟರನ್ನು ಮೀರುತ್ತದೆ. 5,000 ಚದರಡಿಯ ದೇವಾಲಯದ ಚಾವಣಿಗೆ ನಾಲ್ಕೂವರೆ ಲಕ್ಷ. ನಮ್ಮ ಶಾಲೆ, ಕಾನ್ವೆಂಟ್, ಆಸ್ಪತ್ರೆ, ಸಭಾಭವನಗಳ ಚಾವಣಿಗಳನ್ನು ಯಾರಾದರೂ ಅಳೆದಿದ್ದಾರೆಯೇ?

ಆಗದ ಮಾತೇನೂ ಅಲ್ಲ. ಜಕ್ಕೂರು ಕೆರೆಗೆ ಶುದ್ಧೀಕರಿಸಿದ ಕೊಳಚೆ ನೀರು ಜೊಂಡು ಬೆಳೆದ ಜೌಗಿನ ಮೂಲಕ ಸೋಸಿ ಇಳಿಯುವಂತೆ ಮಾಡಿದ್ದಾರೆ. ಕಬ್ಬನ್ ಉದ್ಯಾನದಲ್ಲಿ ಮಣ್ಣು ವಡ್ಡರ ಸಮುದಾಯದ ಬಾವಿ ತೋಡುವವರು ಹಳೆಯ ಬಾವಿಗಳ ಹೂಳೆತ್ತಿ, ಹೊಸ ಇಂಗುಬಾವಿಗಳನ್ನು ತೋಡಿದ್ದಾರೆ. ತಲೆಮಾರುಗಳಿಂದ ಈ ವಿದ್ಯೆ ಬಲ್ಲವರು ಇದೇ ಊರಿನಲ್ಲಿದ್ದಾರೆ.

ಮುಂದಿನ ಸಮಿತಿ ಸಭೆಯ ವಿಷಯಪಟ್ಟಿಗೆ ನಾನು ಮೂರು ಸಾಲು ಬರೆದುಕೊಟ್ಟಿದ್ದೇನೆ. ಬಾವಿಯ ಚಪ್ಪಡಿ ತೆಗೆದು ಕಂಬಿ ಹಾಕಿ, ಚಾವಣಿಯ ನೀರನ್ನು ಸೋಸಿ ಅದಕ್ಕೆ ಬಿಡುವುದು. ಆವರಣದ ಅರ್ಧ ಭಾಗದ ಹಾಸು ಕಿತ್ತು ಮಣ್ಣು ಬಿಡುವುದು. ಹಿಂದಿನ ಗೋಡೆಯ ಕಿಂಡಿಗಳನ್ನು ಮುಚ್ಚುವ ಮೊದಲು ಒಳಗೆ ಇಂಗುಗುಂಡಿ ತೋಡುವುದು. ಹಾಗಾದರೆ ಹಬ್ಬದ ದಿನ ಕಾರುಗಳನ್ನು ಎಲ್ಲಿ ನಿಲ್ಲಿಸುವುದೆಂದು ಒಬ್ಬರು ಈಗಾಗಲೇ ಕೇಳಿದ್ದಾರೆ. ಗಲ್ಲಿಯವರನ್ನೂ ಆ ಸಭೆಗೆ ಕರೆಯಬೇಕೆಂದು ಕೇಳಿದ್ದೇನೆ. ಅವರು ಇದುವರೆಗೆ ಆ ಸಮಿತಿಯಲ್ಲಿ ಕುಳಿತದ್ದಿಲ್ಲ.