ಲೈಟ್ ಉರಿಯುತ್ತದೆ, ಚಿತ್ರ ಬರುವುದಿಲ್ಲ

ಮಳೆ ಹಿಡಿದ ಮೇಲೆ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಕೆಟ್ಟುಹೋದ ವಸ್ತುಗಳ ಬಗ್ಗೆ. ಐಟಿಯಲ್ಲಿ ಇರುವವನಿಗೆ ಇನ್ವರ್ಟರ್‌ನಿಂದ ಹಿಡಿದು ಸೆಟ್‌ಟಾಪ್ ಬಾಕ್ಸ್‌ವರೆಗೆ ಎಲ್ಲವೂ ಗೊತ್ತಿರಬೇಕು ಎಂಬುದು ಇಲ್ಲಿನ ನಮ್ಮವರ ನಂಬಿಕೆ. ಮಹಾಪೆಯಲ್ಲಿ ಕುಳಿತು ನಾನು ಮಾಡುವುದು ಸಾಫ್ಟ್‌ವೇರ್ ಕೆಲಸ, ಬೆಸುಗೆ ಹಾಕುವುದಲ್ಲ ಎಂದು ಎಷ್ಟು ಹೇಳಿದರೂ ಪ್ರಯೋಜನವಿಲ್ಲ. ಆದರೆ ಒಂದು ಪ್ರಶ್ನೆಯನ್ನು ಠಾಣೆ, ಕಲ್ಯಾಣ, ಐರೋಲಿಯ ಬೇರೆ ಬೇರೆ ಮನೆಗಳಿಂದ ಕೇಳಿದ್ದೇನೆ, ಹಾಗಾಗಿ ಈ ಸಲದ ಅಂಕಣ ಅದಕ್ಕೇ ಮೀಸಲು. ಮಕ್ಕಳ ವಿಡಿಯೋ ಗೇಮ್ ಕನ್ಸೋಲ್ ಕೆಟ್ಟಿದೆ, ರಿಪೇರಿ ಮಾಡಿಸುವುದೋ, ಭಂಗಾರ್‌ವಾಲಾನಿಗೆ ಕೊಡುವುದೋ?

ಡೊಂಬಿವಲಿಯ ನಮ್ಮ ಕಟ್ಟಡದಲ್ಲೇ ಕುಂದಾಪುರ ಕಡೆಯ ಒಂದು ಕುಟುಂಬವಿದೆ. ಯಜಮಾನರು ಠಾಣೆಯಲ್ಲಿ ಹೋಟೆಲ್ ಮ್ಯಾನೇಜರ್. 2020ರ ಲಾಕ್‌ಡೌನ್‌ನಲ್ಲಿ ಮಕ್ಕಳನ್ನು ಮನೆಯೊಳಗೆ ಕೂರಿಸಲು ಕಂತಿನಲ್ಲಿ ಕನ್ಸೋಲ್ ಕೊಂಡರು. ಅಕ್ಕ ತಮ್ಮ ಇಬ್ಬರೂ ಸೇರಿ ಮೈನ್‌ಕ್ರಾಫ್ಟ್‌ನಲ್ಲಿ ಒಂದು ಊರನ್ನೇ ಕಟ್ಟಿದರು. ದೇವಸ್ಥಾನ, ಕೆರೆ, ಅಜ್ಜಿ ಮನೆಯ ಹಾಗಿನ ಒಂದು ಮನೆ. ಅಕ್ಕ ಈಗ ಓದಲು ಜರ್ಮನಿಗೆ ಹೋಗಿದ್ದಾಳೆ. ಒಂದು ದಿನ ಯಂತ್ರದ ಲೈಟ್ ಉರಿಯಿತು, ಫ್ಯಾನ್ ತಿರುಗಿತು, ಟಿವಿಯಲ್ಲಿ ಮಾತ್ರ ಏನೂ ಇಲ್ಲ.

ಸರ್ವಿಸ್ ಸೆಂಟರ್‌ನವರು ನೋಡಿ, ಇಡೀ ಬೋರ್ಡ್ ಬದಲಿಸಬೇಕು ಎಂದರು. ಖರ್ಚು ಹೊಸದರ ಅರ್ಧದ ಹತ್ತಿರ. ಹಣಕ್ಕಿಂತ ಹುಡುಗನನ್ನು ಹೆದರಿಸಿದ್ದು ಇನ್ನೊಂದು ಮಾತು: ‘ಡೇಟಾ ಉಳಿಯುವುದಿಲ್ಲ.’ ಇದು ನಿಜ. ಹಲವು ಕನ್ಸೋಲ್‌ಗಳಲ್ಲಿ ಸಂಗ್ರಹದಲ್ಲಿರುವುದೆಲ್ಲ ಆಯಾ ಬೋರ್ಡಿನ ಬೀಗದ ಕೈಯಿಂದ ಎನ್‌ಕ್ರಿಪ್ಟ್ ಆಗಿರುತ್ತದೆ, ಕೆಲವದರಲ್ಲಿ ಸಂಗ್ರಹದ ಚಿಪ್ಪೇ ಬೋರ್ಡಿಗೆ ಬೆಸೆದಿರುತ್ತದೆ. ಬೋರ್ಡ್ ಹೋದರೆ ಊರೂ ಹೋಯಿತು. ಕ್ಲೌಡ್‌ನಲ್ಲಿ ಪ್ರತಿ ಇಡುವ ಸೌಲಭ್ಯಕ್ಕೆ ಇವರು ಚಂದಾ ಕಟ್ಟಿರಲಿಲ್ಲ.

‘ಎಂಥ ಮಾರಾಯ್ರೇ, ಒಂದು ಐದು ವರ್ಷ ಸಮಾ ಬಾಳಲಿಲ್ಲ ಇದು’ ಎಂದರು ಯಜಮಾನರು. ‘ನಮ್ಮ ಕಾಲದ್ದು ಕ್ಯಾಸೆಟ್ ಹಾಕುವ ಗೇಮ್ ಉಂಟಲ್ಲ, ಮೇಲೆ ಲಾಫ್ಟಿನಲ್ಲಿ ಬಿದ್ದಿದೆ. ಈಗ ಹಾಕಿದರೂ ನಡೀತದೆ ಅದು.’

ಆ ವಾದಕ್ಕೆ ಆಮೇಲೆ ಬರುತ್ತೇನೆ. ಮೊದಲು ಪರೀಕ್ಷೆ. ಲೈಟ್ ಬಂದು ಚಿತ್ರ ಬಾರದಿದ್ದರೆ ಯಂತ್ರದ ಮಿದುಳು ಸತ್ತಿದೆ ಎಂದು ಯಾರೂ ಮೊದಲೇ ತೀರ್ಮಾನಿಸಬಾರದು. ಬೇರೆ ಹೆಚ್‌ಡಿಎಂಐ ಕೇಬಲ್ ಹಾಕಿದೆವು, ಆಗಲಿಲ್ಲ. ಬೇರೆ ಟಿವಿಗೆ ಹಾಕಿದೆವು, ಆಗಲಿಲ್ಲ. ಸೇಫ್ ಮೋಡ್‌ನಲ್ಲಿ ಆನ್ ಮಾಡಿದರೂ ಪರದೆ ಕಪ್ಪು. ಕೊನೆಗೆ ಮೊಬೈಲ್ ಟಾರ್ಚ್ ಹಿಡಿದು ಪೋರ್ಟಿನ ಒಳಗೆ ನೋಡಿದರೆ ಕಥೆ ಕಾಣಿಸಿತು. ಹತ್ತೊಂಬತ್ತು ಪಿನ್ನುಗಳಲ್ಲಿ ಎರಡು ಮಡಚಿ ಒಂದಕ್ಕೊಂದು ಅಂಟಿದ್ದವು. ಕೇಬಲ್ಲನ್ನು ಯಾರೋ ಓರೆಯಾಗಿ ತುರುಕಿದ್ದರು. ಹುಡುಗನನ್ನು ಕೇಳಿದೆ. ‘ಅಂಕಲ್, ಗಣಪತಿಗೆ ಮನೆ ಕ್ಲೀನ್ ಮಾಡಿದ್ರು’ ಎಂದ. ತನಿಖೆ ಅಲ್ಲಿಗೇ ನಿಲ್ಲಿಸಿದೆ.

ಕಲ್ಯಾಣ ಪಶ್ಚಿಮದಲ್ಲಿ ಸ್ಟೇಷನ್ನಿನಿಂದ ನಡೆದು ಹೋಗುವ ದೂರದಲ್ಲಿ ಮೊಬೈಲ್ ರಿಪೇರಿಯ ಒಂದು ಗೂಡಂಗಡಿ ಇದೆ. ಒಂದು ಮೈಕ್ರೋಸ್ಕೋಪ್, ಒಂದು ಬಿಸಿಗಾಳಿಯ ಯಂತ್ರ, ಗೋಡೆಯ ತುಂಬ ಬಿಡಿಭಾಗಗಳ ಡಬ್ಬಿ. ಆತ ಮುಚ್ಚಳ ತೆಗೆದು, ಪೋರ್ಟಿನ ಒಂದೊಂದು ಕಾಲಿಗೂ ಮಲ್ಟಿಮೀಟರ್ ಮುಟ್ಟಿಸಿ ಅಂಕಿ ಓದಿಕೊಂಡ. ಚಿತ್ರ ಸಾಗುವ ಜೋಡಿ ತಂತಿಗಳಲ್ಲಿ ಅಂಕಿಗಳು ಒಂದೇ ತೆರ ಬಂದರೆ ಹಿಂದಿರುವ ಚಿಪ್ ಬದುಕಿದೆ ಎಂದರ್ಥ, ಒಂದು ಕಡೆ ಸೊನ್ನೆ ಬಂದರೆ ತೊಂದರೆ. ಎಲ್ಲ ನೋಡಿ ತಲೆಯೆತ್ತಿ, ‘ಸಾಹೇಬ್, ಚಿಪ್ ಜಿವಂತ ಆಹೇ’ ಎಂದ. ಹಳೆ ಪೋರ್ಟ್ ಕಿತ್ತು ಹೊಸದು ಬೆಸೆಯಲು ಒಂದು ಗಂಟೆ, ಮೂರು ಸಾವಿರದೊಳಗೆ ಕೆಲಸ ಮುಗಿಯಿತು. ಊರು ಉಳಿಯಿತು. ಅಕ್ಕನಿಗೆ ವಿಡಿಯೋ ಕಾಲ್ ಕೂಡ ಆಯಿತು.

ಅಲ್ಲಿ ಕುಳಿತಾಗ ಕಂಡ ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯ. ಬೋರ್ಡಿನ ಮೇಲಿನ ಲೋಹದ ಕವಚದ ಅಂಚಿನಲ್ಲಿ ಹಸಿರು ಪಾಚಿಯಂಥ ಪದರ. ನಮ್ಮ ಕಡೆಯ ಯಂತ್ರಗಳಲ್ಲೆಲ್ಲ ಇದನ್ನು ನೋಡುತ್ತಾನಂತೆ. ಆಶ್ಚರ್ಯವಿಲ್ಲ. ಒಂದು ಕಡೆ ಖಾಡಿಯ ಉಪ್ಪು ತೇವ, ಇನ್ನೊಂದು ಕಡೆ ಎಂಐಡಿಸಿಯ ರಾಸಾಯನಿಕ ಗಾಳಿ. 2014ರಲ್ಲಿ ಹಸಿರು ಮಳೆ ಬಿದ್ದು, 2020ರಲ್ಲಿ ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿದ ಊರು ಇದು. ಗಂಧಕದ ಅಂಶವಿರುವ ಗಾಳಿಗೆ ತೇವ ಸೇರಿದರೆ ತಾಮ್ರವನ್ನೂ ಬೆಳ್ಳಿಯನ್ನೂ ಮೆಲ್ಲಗೆ ತಿನ್ನುತ್ತದೆ. ಡೇಟಾ ಸೆಂಟರ್ ನಡೆಸುವವರು ಇದಕ್ಕೆ ಎಷ್ಟು ಹೆದರುತ್ತಾರೆಂದರೆ, ಕೋಣೆಯಲ್ಲಿ ತಾಮ್ರದ ಮತ್ತು ಬೆಳ್ಳಿಯ ಸಣ್ಣ ಪಟ್ಟಿಗಳನ್ನು ಇಟ್ಟು, ತಿಂಗಳಿಗೆ ಎಷ್ಟು ತುಕ್ಕು ಹಿಡಿಯಿತು ಎಂದು ಅಳೆಸುತ್ತಾರೆ. ನಮ್ಮ ಹಾಲ್‌ನ ಟಿವಿ ಸ್ಟ್ಯಾಂಡಿಗೆ ಆ ಭಾಗ್ಯವಿಲ್ಲ. ಹಾಗಾಗಿ ಯಂತ್ರವೊಂದು ತಂಪಾದ, ಒಣಗಿದ ಪರೀಕ್ಷಾಲಯದಲ್ಲಿ ಎಷ್ಟು ವರ್ಷ ಬಾಳುತ್ತದೆ ಎಂಬ ಲೆಕ್ಕ ಡೊಂಬಿವಲಿಗೆ ಹೊಂದುವುದಿಲ್ಲ.

ಈಗ ‘ಹಿಂದಿನದು ಗಟ್ಟಿ’ ಎಂಬ ವಾದ. ತೊಂಬತ್ತರ ದಶಕದಲ್ಲಿ ನಾವೆಲ್ಲ ಆಡಿದ್ದು ನಿಂಟೆಂಡೊದ ಫ್ಯಾಮಿಕಾಮ್‌ನ ನಕಲುಗಳನ್ನು. ಮಾರಿಯೋ, ಕಾಂಟ್ರಾ, ‘9999 ಇನ್ 1’ ಎಂದು ಬರೆದ ಕ್ಯಾಸೆಟ್. ಅವು ಬಾಳಿದ್ದು ಗಟ್ಟಿಯಾಗಿ ಕಟ್ಟಿದ್ದರಿಂದಲ್ಲ, ಮಾಡುವ ಕೆಲಸ ಕಡಿಮೆ ಇದ್ದುದರಿಂದ. ಕೆಲವೇ ವ್ಯಾಟ್ ವಿದ್ಯುತ್, ಫ್ಯಾನ್ ಇಲ್ಲ, ತಿರುಗುವ ಡಿಸ್ಕ್ ಇಲ್ಲ, ಬಿಸಿಯೇ ಆಗುವುದಿಲ್ಲ. ಇಂದಿನ ಪ್ಲೇಸ್ಟೇಷನ್ 5 ದೊಡ್ಡ ಗೇಮ್ ಆಡುವಾಗ ಸುಮಾರು 200 ವ್ಯಾಟ್ ತಿನ್ನುತ್ತದೆ, ಅಷ್ಟೂ ಕೊನೆಗೆ ಶಾಖವಾಗಿಯೇ ಹೊರಬರಬೇಕು. ಇನ್ನೊಂದು ಮಾತು: ಅಗ್ಗದ ಆ ನಕಲುಗಳಲ್ಲಿ ಅನೇಕವನ್ನು ಬಿಚ್ಚಿದರೆ ಚಿಪ್ಪೇ ಕಾಣುವುದಿಲ್ಲ, ಡಾಂಬರಿನಂಥ ಒಂದು ಕಪ್ಪು ಗುಳ್ಳೆ ಮಾತ್ರ. ಅದರೊಳಗೆ ಕೆಟ್ಟರೆ ಬ್ರಹ್ಮನಿಗೂ ರಿಪೇರಿ ಸಾಧ್ಯವಿಲ್ಲ. ಹಾಗೆ ಕೆಟ್ಟವೆಲ್ಲ ಎಂದೋ ಭಂಗಾರ್ ಸೇರಿದವು. ಲಾಫ್ಟಿನಲ್ಲಿ ಉಳಿದಿರುವುದು ಕೆಡದೇ ಉಳಿದದ್ದು, ಅದನ್ನು ನೋಡಿ ನಾವು ಇಡೀ ಕಾಲಕ್ಕೆ ಸರ್ಟಿಫಿಕೇಟ್ ಕೊಡುತ್ತೇವೆ.

ಹಾಗೆಂದು ಹೊಸಬರ ಪರ ವಕಾಲತ್ತು ವಹಿಸುತ್ತಿಲ್ಲ. ಶಾಖಕ್ಕೆ ಸೋತ ಯಂತ್ರದ ದೊಡ್ಡ ಉದಾಹರಣೆ ಎಕ್ಸ್‌ಬಾಕ್ಸ್ 360. 2005ರ ನವೆಂಬರ್‌ನಲ್ಲಿ ಬಿಡುಗಡೆಯಾಯಿತು, ಮರುವರ್ಷ ಭಾರತಕ್ಕೂ ಬಂತು. ಮುಂಭಾಗದ ವರ್ತುಲದ ಮುಕ್ಕಾಲು ಭಾಗ ಕೆಂಪಾಗಿ ಮಿಟುಕಿದರೆ ಯಂತ್ರದ ಕಥೆ ಮುಗಿಯಿತು. 2007ರ ಜುಲೈಯಲ್ಲಿ ಮೈಕ್ರೋಸಾಫ್ಟ್ ಆ ದೋಷಕ್ಕೆ ಮೂರು ವರ್ಷದ ವಾರಂಟಿ ಘೋಷಿಸಿ, ನೂರು ಕೋಟಿ ಡಾಲರಿಗೂ ಮಿಕ್ಕಿ ಹಣ ತೆಗೆದಿಟ್ಟಿತು. ಆಗ ಎಲ್ಲರೂ ದೂರಿದ್ದು ಸೀಸವಿಲ್ಲದ ಬೆಸುಗೆಯನ್ನು. ಯುರೋಪಿನ ನಿಯಮದಂತೆ 2006ರ ಜುಲೈ 1ರಿಂದ ಎಲೆಕ್ಟ್ರಾನಿಕ್ಸ್‌ನಲ್ಲಿ ಸೀಸಕ್ಕೆ ಕಡಿವಾಣ ಬಿದ್ದು, ತಯಾರಕರೆಲ್ಲ ಹೊಸ ಬೆಸುಗೆಗೆ ಬದಲಾಗುತ್ತಿದ್ದ ಕಾಲ ಅದು. ಆದರೆ 2021ರಲ್ಲಿ ಬಂದ ಸಾಕ್ಷ್ಯಚಿತ್ರದಲ್ಲಿ ಆ ತಂಡದವರೇ ಹೇಳಿದ್ದು, ಬಿರುಕು ಬಿಟ್ಟದ್ದು ಚಿಪ್ಪಿನ ಪ್ಯಾಕೇಜಿನ ಒಳಗಿನ ಸಂಪರ್ಕಗಳು ಎಂದು. ಆನ್ ಮಾಡಿದಾಗ ಬಿಸಿಯಾಗಿ ಹಿಗ್ಗುವುದು, ಆಫ್ ಮಾಡಿದಾಗ ತಣ್ಣಗಾಗಿ ಕುಗ್ಗುವುದು, ಹೀಗೆ ಸಾವಿರ ಸಲ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಕಡೆಗೆ ತುಂಡಾಗುವ ಹಾಗೆ.

ಇದನ್ನು ಇಷ್ಟು ವಿವರಿಸಿದ್ದಕ್ಕೆ ಕಾರಣವಿದೆ. ‘ಚಿಪ್ಪಿಗೆ ಹೀಟ್ ಕೊಟ್ಟರೆ ಸರಿಯಾಗುತ್ತದೆ’ ಎನ್ನುವ ರಿಪೇರಿಯವರು ಈಗಲೂ ಇದ್ದಾರೆ. ಆ ಕಾಲದಲ್ಲಿ ಜನ ಎಕ್ಸ್‌ಬಾಕ್ಸನ್ನು ಟವೆಲಿನಲ್ಲಿ ಸುತ್ತಿ ಆನ್ ಮಾಡಿ ಬಿಡುತ್ತಿದ್ದರು, ವಿಪರೀತ ಬಿಸಿಯಾಗಿ ಬಿರುಕು ಕೂಡಿಕೊಳ್ಳಲಿ ಎಂದು. ಕೆಲವು ದಿನ ನಡೆಯುತ್ತಿತ್ತು ಕೂಡ. ಒಡೆದ ಸಂಪರ್ಕ ಶಾಖಕ್ಕೆ ಮುಟ್ಟಿಕೊಳ್ಳುತ್ತದೆ, ಬೆಸೆದುಕೊಳ್ಳುವುದಿಲ್ಲ. ವಾರವೋ ತಿಂಗಳೋ ಕಳೆದು ಮತ್ತೆ ಅದೇ. ಆದ್ದರಿಂದ ಹೀಟ್ ಕೊಡುವ ಮಾತು ಬಂದರೆ ಎದ್ದು ಬನ್ನಿ. ಪೋರ್ಟ್ ಬದಲಿಸುವುದು, ಫ್ಯಾನ್ ಬದಲಿಸುವುದು, ಒಣಗಿದ ಥರ್ಮಲ್ ಪೇಸ್ಟ್ ತೆಗೆದು ಹೊಸದು ಹಚ್ಚುವುದು, ಇವು ನಿಜವಾದ ರಿಪೇರಿ. ಥರ್ಮಲ್ ಪೇಸ್ಟಿನಲ್ಲಿ ಒಂದು ಎಚ್ಚರಿಕೆ: ಪ್ಲೇಸ್ಟೇಷನ್ 5ರಲ್ಲಿ ಪೇಸ್ಟ್ ಬದಲು ದ್ರವ ಲೋಹವಿದೆ. ಅದು ವಿದ್ಯುತ್ ಹರಿಸುತ್ತದೆ, ಒಂದು ಹನಿ ಆಚೆ ಹೋದರೂ ಶಾರ್ಟ್. ಗೊತ್ತಿಲ್ಲದವರ ಕೈಗೆ ಕೊಡಬೇಡಿ.

ಜಾಯ್‌ಸ್ಟಿಕ್ ವಿಷಯದಲ್ಲಂತೂ ನನಗೆ ಸಿಟ್ಟೇ ಇದೆ. ಕೈ ತೆಗೆದರೂ ಗೊಂಬೆ ತಾನಾಗಿ ನಡೆಯತೊಡಗಿದರೆ ಅದು ಡ್ರಿಫ್ಟ್. ಒಳಗೆ ಹಳೆ ರೇಡಿಯೋದ ವಾಲ್ಯೂಮ್ ಗುಂಡಿಯಂಥದೇ ವ್ಯವಸ್ಥೆ, ಇಂಗಾಲದ ಪಟ್ಟಿಯ ಮೇಲೆ ಲೋಹ ಉಜ್ಜುತ್ತಿರುತ್ತದೆ. ಉಜ್ಜಿದ್ದು ಸವೆಯಲೇಬೇಕು. ಅಯಸ್ಕಾಂತದಿಂದ, ಮುಟ್ಟದೆಯೇ ಸ್ಥಾನ ಅಳೆಯುವ ಹಾಲ್ ಸೆನ್ಸರ್ ಹೊಸ ಆವಿಷ್ಕಾರವೇನಲ್ಲ, 1998ರಲ್ಲಿ ಬಂದ ಸೆಗಾ ಡ್ರೀಮ್‌ಕಾಸ್ಟ್‌ನ ಕಂಟ್ರೋಲರ್‌ನಲ್ಲೇ ಇತ್ತು. ಆಮೇಲೆ ಬಂದ ದೊಡ್ಡ ಕಂಪನಿಗಳೆಲ್ಲ ಸವೆಯುವ ಪಟ್ಟಿಗೇ ಅಂಟಿಕೊಂಡವು. ಒಂದು ಜೊತೆ ಹೊಸ ಸ್ಟಿಕ್ ಬೆಸೆಯಲು ಕೆಲವು ನೂರು ರೂಪಾಯಿ ಸಾಕು, ಆದರೂ ನಮ್ಮಲ್ಲಿ ಹೆಚ್ಚಿನವರು ಸಾವಿರಗಟ್ಟಲೆ ಕೊಟ್ಟು ಹೊಸ ಕಂಟ್ರೋಲರನ್ನೇ ತರುತ್ತಾರೆ.

ಸವೆತವನ್ನು ಒಪ್ಪಬಹುದು. ಬೀಗವನ್ನು ಒಪ್ಪುವುದು ಕಷ್ಟ. ಪ್ಲೇಸ್ಟೇಷನ್ 4ರ ಒಳಗೆ ಗಡಿಯಾರ ನಡೆಸಲು ನಾಣ್ಯದಂಥ ಒಂದು ಬ್ಯಾಟರಿ ಇದೆ, ಯಾವ ಗಡಿಯಾರದ ಅಂಗಡಿಯಲ್ಲೂ ಸಿಗುವಂಥದ್ದು. ಅದು ಮುಗಿದ ಮೇಲೆ ಯಂತ್ರ ಕಂಪನಿಯ ಸರ್ವರನ್ನು ಒಮ್ಮೆ ಸಂಪರ್ಕಿಸದಿದ್ದರೆ, ನಾವು ದುಡ್ಡು ಕೊಟ್ಟು ಕೊಂಡ ಗೇಮ್‌ಗಳೂ ತೆರೆಯುತ್ತಿರಲಿಲ್ಲ. ಎಂದಾದರೊಂದು ದಿನ ಸರ್ವರ್ ನಿಲ್ಲಿಸಿದರೆ ಏನು ಗತಿ ಎಂದು ಜನ ಕೂಗಿದ ಮೇಲೆ, 2021ರ ಸೆಪ್ಟೆಂಬರ್‌ನ ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲಿ ಅದು ಸರಿಹೋಯಿತು. ಬೆಸುಗೆಯಿಲ್ಲ, ಬಿಡಿಭಾಗವಿಲ್ಲ, ಕೆಲವು ಸಾಲು ಕೋಡ್ ಅಷ್ಟೇ. ಈ ಕಸುಬಿನಲ್ಲಿ ಇರುವವನಾಗಿ ಹೇಳುತ್ತೇನೆ, ಬಾಳಿಕೆ ಎಂಬುದು ಈಗ ಹಾರ್ಡ್‌ವೇರ್ ಗುಣವಾಗಿ ಮಾತ್ರ ಉಳಿದಿಲ್ಲ. ಪ್ಲೇಸ್ಟೇಷನ್ 4ರಲ್ಲಿ ಡಿಸ್ಕ್ ಡ್ರೈವ್ ಕೂಡ ಬೋರ್ಡಿನೊಂದಿಗೆ ಜೋಡಿಯಾಗಿರುತ್ತದೆ, ಪಕ್ಕದ ಮನೆಯ ಯಂತ್ರದ ಡ್ರೈವ್ ಬಿಚ್ಚಿ ಹಾಕಿದರೆ ಓದುವುದಿಲ್ಲ. ಕಲ್ಯಾಣದ ಆ ಗೂಡಂಗಡಿಯವನ ಕೈಚಳಕ ಎಷ್ಟೇ ಇರಲಿ, ಇಲ್ಲಿ ನಡೆಯುವುದಿಲ್ಲ.

ಕಾನೂನು? ನಮ್ಮ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ‘ರಿಪೇರಿ ಹಕ್ಕು’ ಬಗ್ಗೆ ಸಮಿತಿ ಮಾಡಿ, ಅದೇ ಡಿಸೆಂಬರ್ 24ರಂದು ಪೋರ್ಟಲ್ ತೆರೆಯಿತು. ಮೊದಲಿಗೆ ಆರಿಸಿಕೊಂಡದ್ದು ಕೃಷಿ ಯಂತ್ರ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ವಾಹನ. ಗೇಮ್ ಕನ್ಸೋಲ್ ಎಂಬ ಪ್ರತ್ಯೇಕ ಹೆಸರು ಅದರಲ್ಲಿಲ್ಲ. ಅಮೆರಿಕದಲ್ಲಿ ಇನ್ನೂ ವಿಚಿತ್ರ: ಮಿನೆಸೋಟ ಮತ್ತು ಕ್ಯಾಲಿಫೋರ್ನಿಯ ರಾಜ್ಯಗಳ ರಿಪೇರಿ ಕಾಯ್ದೆಗಳು 2024ರ ಜುಲೈ 1ರಿಂದ ಜಾರಿಗೆ ಬಂದವು, ಎರಡರಲ್ಲೂ ಗೇಮ್ ಕನ್ಸೋಲ್‌ಗಳಿಗೆ ಹೆಸರು ಹಿಡಿದು ವಿನಾಯಿತಿ. ಬೀಗ ತೆರೆದರೆ ಕಳ್ಳಪ್ರತಿ ಹೆಚ್ಚುತ್ತದೆ ಎಂಬುದು ಕಂಪನಿಗಳ ವಾದ. ಹೆಚ್‌ಡಿಎಂಐ ಪೋರ್ಟಿಗೂ ಕಳ್ಳಪ್ರತಿಗೂ ಏನು ಸಂಬಂಧ ಎಂದು ಕೇಳಬೇಕಾದದ್ದು ನ್ಯಾಯ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಸಣ್ಣ ಕೆಲಸಗಳು. ಇಲ್ಲಿನ ಹಳೆ ಕಟ್ಟಡಗಳಲ್ಲಿ ಅರ್ತಿಂಗ್ ಸರಿಯಾಗಿರುವುದು ಅಪರೂಪ, ಎರಡು ಕಾಲಿನ ಪ್ಲಗ್ಗಿನ ಟಿವಿ ಮತ್ತು ಕನ್ಸೋಲ್‌ಗಳಿಗೆ ಅರ್ತಿಂಗ್ ಸಂಪರ್ಕವೇ ಇರುವುದಿಲ್ಲ. ಲೋಹದ ಭಾಗ ಮುಟ್ಟಿದರೆ ಬೆರಳಿಗೆ ಜುಮ್ಮೆನ್ನುವುದು ಅದಕ್ಕೇ. ಆ ಸ್ಥಿತಿಯಲ್ಲಿ ಹೆಚ್‌ಡಿಎಂಐ ಚುಚ್ಚಿದರೆ ಸಣ್ಣ ಕಿಡಿಗೂ ಚಿಪ್ ಹೋಗಬಹುದು. ಎರಡರ ಪ್ಲಗ್ಗನ್ನೂ ಗೋಡೆಯಿಂದ ಕಿತ್ತು ಆಮೇಲೆ ಕೇಬಲ್ ಹಾಕಿ. ಮಳೆಗಾಲದಲ್ಲಿ ಯಂತ್ರವನ್ನು ತಿಂಗಳುಗಟ್ಟಲೆ ಮುಚ್ಚಿಡಬೇಡಿ, ವಾರಕ್ಕೆರಡು ಸಲ ಆಡಲು ಬಿಟ್ಟರೆ ಒಳಗಿನ ತೇವ ಒಣಗುತ್ತದೆ (ಮಕ್ಕಳಿಗೆ ಈ ವಾಕ್ಯ ಓದಿಸಬೇಡಿ ಎಂದು ಮನೆಯಲ್ಲಿ ಆಜ್ಞೆಯಾಗಿದೆ). ಸೇವ್ ಮಾಡಿದ್ದನ್ನು ಯುಎಸ್‌ಬಿಗೋ ಕ್ಲೌಡ್‌ಗೋ ಹಾಕಲು ನಿಮ್ಮ ಯಂತ್ರದಲ್ಲಿ ದಾರಿಯಿದ್ದರೆ ಇವತ್ತೇ ಹಾಕಿ. ಮಳೆ ಹಿಂದೆ ಸರಿಯುವಾಗ, ಅಕ್ಟೋಬರ್‌ನ ಸಂಜೆ ಮೋಡ ಕಟ್ಟಿದರೆ ಗುಡುಗು ಶುರುವಾಗುವ ಮೊದಲೇ ಪ್ಲಗ್ ಕೀಳಿ, ಅಷ್ಟೇ ಸಾಲದು, ಕೇಬಲ್ ಟಿವಿಯ ವೈರನ್ನೂ ಸೆಟ್‌ಟಾಪ್ ಬಾಕ್ಸ್‌ನಿಂದ ಬಿಚ್ಚಿಡಿ. ಸಿಡಿಲಿನ ಹೊಡೆತ ಆ ದಾರಿಯಿಂದಲೂ ಟಿವಿಗೆ ಬಂದು, ಅಲ್ಲಿಂದ ಹೆಚ್‌ಡಿಎಂಐ ಮೂಲಕ ಕನ್ಸೋಲಿಗೆ ಇಳಿಯಬಹುದು.