ಗಣಕೀಕೃತ ವಹಿವಾಟು: ಕಡಿದ ಎಳೆಯನ್ನು ಜೋಡಿಸುವವರಾರು?

ಕೊಳ್ಳೇಗಾಲದ ರೇಷ್ಮೆ ಸೀರೆ ವರ್ತಕನಾಗಲಿ, ಯಳಂದೂರಿನ ಅಕ್ಕಿ ಗಿರಣಿಯ ಮಾಲೀಕನಾಗಲಿ, ಹನೂರಿನ ಮುಸುಕಿನ ಜೋಳದ ಸಗಟು ವ್ಯಾಪಾರಿಯಾಗಲಿ, ಇಂದು ತನ್ನ ಅಂಗಡಿಯ ಒಂದೇ ಗಣಕಯಂತ್ರದಲ್ಲಿ ವ್ಯವಹಾರವನ್ನು ಮುಗಿಸುವ ಸ್ಥಿತಿಯಲ್ಲಿಲ್ಲ. ಬಿಲ್ಲು ತಯಾರಾಗುವುದು ಅಂಗಡಿಯ ಲೆಕ್ಕದ ತಂತ್ರಾಂಶದಲ್ಲಿ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ್ದರೆ ಆ ಬಿಲ್ಲು ಇ-ಇನ್‌ವಾಯ್ಸ್ ಪೋರ್ಟಲ್‌ನಲ್ಲಿ ನೋಂದಣಿಯಾಗಬೇಕು. ಸರಕಿನ ಮೌಲ್ಯ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕು. ಲಾರಿಯ ವಿವರ ಸಾಗಣೆದಾರನ ಬಳಿ, ಹಣ ಜಮೆಯಾದ ವಿವರ ಬ್ಯಾಂಕಿನ ಬಳಿ. ವ್ಯವಹಾರ ಒಂದೇ, ಆದರೆ ಯಂತ್ರಗಳು ಐದಾರು, ಅವುಗಳ ಒಡೆಯರೂ ಐದಾರು ಮಂದಿ.

ಪ್ರತಿಯೊಂದು ಯಂತ್ರವೂ ತನ್ನ ಪಾಲಿನ ಕೆಲಸವನ್ನು ಬಹುಮಟ್ಟಿಗೆ ಸರಿಯಾಗಿಯೇ ಮಾಡುತ್ತದೆ. ತೊಡಕು ಉಂಟಾಗುವುದು ಒಂದು ಯಂತ್ರದಿಂದ ಮತ್ತೊಂದಕ್ಕೆ ಕೆಲಸ ದಾಟುವ ಜಾಗದಲ್ಲಿ. ಅಲ್ಲಿ ಎಳೆ ಕಡಿದಾಗ ಅದನ್ನು ಗಮನಿಸಿ ಜೋಡಿಸುವ ಹೊಣೆ ಯಾರದ್ದೆಂಬುದು ಇತ್ಯರ್ಥವಾಗದಿದ್ದರೆ, ಗಣಕೀಕರಣವು ವರ್ತಕನಿಗೆ ಅನುಕೂಲಕ್ಕಿಂತ ಅಪಾಯವನ್ನೇ ಹೆಚ್ಚಾಗಿ ತಂದೊಡ್ಡಬಲ್ಲದು.

ಎಳೆ ಕಡಿಯುವುದೆಲ್ಲಿ?

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ಕೊಳ್ಳೇಗಾಲದ ವರ್ತಕನೊಬ್ಬ ಬೆಂಗಳೂರಿನ ಮಳಿಗೆಗೆ 4 ಲಕ್ಷ ರೂಪಾಯಿ ಬೆಲೆಯ ರೇಷ್ಮೆ ಸೀರೆಗಳನ್ನು ಕಳುಹಿಸಬೇಕಿದೆ ಎಂದಿಟ್ಟುಕೊಳ್ಳೋಣ. ಶೇಕಡಾ 5ರ ದರದಲ್ಲಿ ತೆರಿಗೆ 20,000 ರೂಪಾಯಿ. ಗುಮಾಸ್ತ ಬಿಲ್ಲನ್ನು ಪೋರ್ಟಲ್‌ಗೆ ಕಳುಹಿಸುತ್ತಾನೆ. ಪೋರ್ಟಲ್ ಅದನ್ನು ನೋಂದಾಯಿಸುತ್ತದೆ. ಉತ್ತರ ಅಂಗಡಿಗೆ ತಲುಪುವ ಮುನ್ನವೇ ಅಂತರ್ಜಾಲ ಸಂಪರ್ಕ ಕಡಿದುಹೋಗುತ್ತದೆ. ನೋಂದಣಿ ಆಯಿತೋ ಇಲ್ಲವೋ ಗುಮಾಸ್ತನಿಗೆ ತಿಳಿಯದು. ಹೊರಗೆ ಲಾರಿ ಕಾದಿದೆ. ಆತ ಅವಸರದಲ್ಲಿ ಹೊಸ ಸಂಖ್ಯೆ ನೀಡಿ ಇನ್ನೊಂದು ಬಿಲ್ಲು ಮಾಡುತ್ತಾನೆ. ಅದೂ ನೋಂದಣಿಯಾಗುತ್ತದೆ.

ಈಗ ಒಂದೇ ಹೊರೆ ಸರಕಿಗೆ ಎರಡು ಬಿಲ್ಲುಗಳಿವೆ. ಜಿಎಸ್‌ಟಿಆರ್-1ರಲ್ಲಿ ಎರಡೂ ತಾವಾಗಿಯೇ ಬಂದು ಕೂರುತ್ತವೆ. ತೆರಿಗೆಯ ಹೊಣೆ 40,000 ರೂಪಾಯಿ ಎಂದು ಕಾಣುತ್ತದೆ. ಕೊಂಡವನ ದಾಖಲೆಯಲ್ಲಿಯೂ ಎರಡು ಖರೀದಿಗಳು. ಹೆಚ್ಚುವರಿ ಬಿಲ್ಲನ್ನು ಪೋರ್ಟಲ್‌ನಲ್ಲಿ ರದ್ದುಪಡಿಸಲು ಇರುವ ಅವಕಾಶ 24 ಗಂಟೆ ಮಾತ್ರ. ಅದು ಮೀರಿದರೆ ಕ್ರೆಡಿಟ್ ನೋಟ್ ಅಥವಾ ಜಿಎಸ್‌ಟಿಆರ್-1ರ ತಿದ್ದುಪಡಿಯ ದಾರಿ ಹಿಡಿಯಬೇಕು. ತಿಂಗಳ ಕೊನೆಯಲ್ಲಿ ಲೆಕ್ಕ ಪರಿಶೋಧಕರ ಕಣ್ಣಿಗೆ ಬೀಳುವವರೆಗೆ ಈ ತಪ್ಪು ಯಾರಿಗೂ ಕಾಣದಿರುವ ಸಂಭವವೇ ಹೆಚ್ಚು.

ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಬಿಲ್ಲು ನೋಂದಣಿಯಾಗಿ, ಇ-ವೇ ಬಿಲ್ ಮಾತ್ರ ಆಗದೆ, ಎಲ್ಲವೂ ಮುಗಿಯಿತೆಂಬ ಭ್ರಮೆಯಲ್ಲಿ ಲಾರಿ ಹೊರಟುಬಿಡಬಹುದು. ದೇಶದಲ್ಲಿ ಇ-ವೇ ಬಿಲ್ ವ್ಯವಸ್ಥೆ 2018ರ ಏಪ್ರಿಲ್ 1ರಂದು ಅಂತರರಾಜ್ಯ ಸಾಗಾಟಕ್ಕೆ ಜಾರಿಯಾದಾಗ, ಅಂದೇ ರಾಜ್ಯದೊಳಗಿನ ಸಾಗಾಟಕ್ಕೂ ಅದನ್ನು ಅನ್ವಯಿಸಿದ ರಾಜ್ಯ ಕರ್ನಾಟಕ. ಆದ್ದರಿಂದ ಇಲ್ಲಿನ ವರ್ತಕರಿಗೆ ಈ ನಿಯಮ ಹೊಸದಲ್ಲ. 2022ರ ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ದಾಖಲೆಯಿಲ್ಲದೆ ತಡೆಹಿಡಿಯಲಾದ ತೆರಿಗೆಯುಕ್ತ ಸರಕನ್ನು ಮಾಲೀಕನೇ ಮುಂದೆ ಬಂದು ಬಿಡಿಸಿಕೊಂಡರೂ ತೆರಿಗೆಯ ಶೇಕಡಾ 200ರಷ್ಟು ದಂಡ ತೆರಬೇಕಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಅದು 40,000 ರೂಪಾಯಿ. ಮದುವೆಯ ಹಂಗಾಮಿನಲ್ಲಿ ಸರಕು ದಾರಿಯಲ್ಲಿ ನಿಂತರೆ ಗಿರಾಕಿ ಕೈತಪ್ಪುವ ನಷ್ಟ ಬೇರೆ.

ಮಗ್ಗದ ರೀತಿ, ಯಂತ್ರದ ರೀತಿ

ನೇಯ್ಗೆಯ ನಡುವೆ ಹಾಸಿನ ಎಳೆಯೊಂದು ಕಡಿದರೆ ಕೊಳ್ಳೇಗಾಲದ ನೇಕಾರ ಸೀರೆಯನ್ನು ಬಿಚ್ಚಿ ಮೊದಲಿನಿಂದ ಆರಂಭಿಸುವುದಿಲ್ಲ. ಕಡಿದದ್ದನ್ನು ಕಾಣದವನಂತೆ ಮುಂದಕ್ಕೂ ನೇಯುವುದಿಲ್ಲ. ಮಗ್ಗ ನಿಲ್ಲಿಸಿ, ಎಳೆ ಹುಡುಕಿ, ಗಂಟು ಹಾಕಿ, ಅಲ್ಲಿಂದಲೇ ಮುಂದುವರಿಯುತ್ತಾನೆ. ಅದುವರೆಗೆ ನೇಯ್ದ ಬಟ್ಟೆ ಮಗ್ಗದ ಮೇಲೆಯೇ ಇರುವುದರಿಂದ ಎಲ್ಲಿ ನಿಂತಿತ್ತೆಂಬುದು ಅವನಿಗೆ ಸ್ಪಷ್ಟ. ಹಲವು ಗಣಕಗಳ ನಡುವಿನ ವ್ಯವಹಾರಕ್ಕೆ ಬೇಕಾದದ್ದು ಇದೇ ಗುಣ.

ವರ್ಕ್‌ಫ್ಲೋ ಆರ್ಕೆಸ್ಟ್ರೇಷನ್ ಎಂದು ಕರೆಯಲಾಗುವ ತಂತ್ರಾಂಶಗಳು ಈ ಕೆಲಸಕ್ಕಾಗಿಯೇ ರೂಪುಗೊಂಡವು. ಕನ್ನಡದಲ್ಲಿ ಇವನ್ನು ಸೂತ್ರಧಾರ ತಂತ್ರಾಂಶಗಳೆನ್ನಬಹುದು. ಸೂತ್ರಧಾರ ತಾನು ಬಿಲ್ಲು ಬರೆಯುವುದಿಲ್ಲ, ಹಣ ವರ್ಗಾಯಿಸುವುದಿಲ್ಲ. ಯಾವ ಹಂತ ಮುಗಿಯಿತು, ಯಾವುದು ಬಾಕಿ ಉಳಿಯಿತು ಎಂಬುದನ್ನು ಒಂದೊಂದಾಗಿ ಶಾಶ್ವತ ದಾಖಲೆಯಲ್ಲಿ ಬರೆದಿಡುತ್ತದೆ. ವಿದ್ಯುತ್ ಹೋಗಿ ಯಂತ್ರ ನಿಂತರೂ ಮರಳಿ ಚಾಲೂ ಆದಾಗ ಆ ದಾಖಲೆ ಓದಿ, ಮುಗಿದ ಹಂತಗಳನ್ನು ಬಿಟ್ಟು, ಬಾಕಿಯಿದ್ದಲ್ಲಿಂದ ಮುಂದುವರಿಯುತ್ತದೆ. ಉತ್ತರ ಬಾರದಿದ್ದರೆ ಸ್ವಲ್ಪ ಕಾದು ಪುನಃ ಪ್ರಯತ್ನಿಸುತ್ತದೆ. ಪದೇ ಪದೇ ವಿಫಲವಾದರೆ ಅಂತರವನ್ನು ಹೆಚ್ಚಿಸುತ್ತ ಹೋಗಿ, ಕೊನೆಗೆ ಮನುಷ್ಯನ ಗಮನಕ್ಕೆ ತರುತ್ತದೆ.

ದೊಡ್ಡ ಸಂಸ್ಥೆಗಳು ಈ ದಾರಿಯನ್ನು ಅನಿವಾರ್ಯವಾಗಿ ಹಿಡಿದವು. ನೆಟ್‌ಫ್ಲಿಕ್ಸ್ ತನ್ನ ಕಂಡಕ್ಟರ್ ತಂತ್ರಾಂಶವನ್ನು 2016ರಲ್ಲಿ ಸಾರ್ವಜನಿಕ ಬಳಕೆಗೆ ತೆರೆದಿಟ್ಟಿತು. ಊಬರ್ ಸಂಸ್ಥೆಯಲ್ಲಿ ಕೇಡೆನ್ಸ್ ರೂಪುಗೊಂಡಿತು. ಅದನ್ನು ರೂಪಿಸಿದ ಮ್ಯಾಕ್ಸಿಮ್ ಫತೀವ್ ಮತ್ತು ಸಮರ್ ಅಬ್ಬಾಸ್ 2019ರಲ್ಲಿ ಟೆಂಪೋರಲ್ ಎಂಬ ಸಂಸ್ಥೆಯನ್ನು ಕಟ್ಟಿದರು.

ಹಳೆಯ ಲೆಕ್ಕಶಾಸ್ತ್ರವೇ ಇಲ್ಲಿನ ಬುನಾದಿ

ವಾಣಿಜ್ಯ ಶಾಸ್ತ್ರ ಬಲ್ಲವರಿಗೆ ಇದರಲ್ಲಿ ಅಪರಿಚಿತವಾದದ್ದು ಅತ್ಯಲ್ಪ. ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುವ ರೋಜು ಪುಸ್ತಕವೇ ಸೂತ್ರಧಾರನ ದಾಖಲೆ. ಇತ್ಯರ್ಥವಾಗದ ಮೊತ್ತವನ್ನು ಅನಾಮತು ಖಾತೆಯಲ್ಲಿಡುವಂತೆ, ಉತ್ತರ ಬಾರದ ಹಂತವನ್ನು ಅದು ಬಾಕಿ ಎಂದೇ ಇಡುತ್ತದೆ. ಆಯಿತೆಂದೂ ಹೇಳದು, ಆಗಲಿಲ್ಲವೆಂದೂ ಹೇಳದು. ತಪ್ಪು ನಮೂದನ್ನು ಲೆಕ್ಕಿಗ ಅಳಿಸುವುದಿಲ್ಲ, ವಿರುದ್ಧ ನಮೂದಿನಿಂದ ಸರಿಪಡಿಸುತ್ತಾನೆ. 1987ರಲ್ಲಿ ಹೆಕ್ಟರ್ ಗಾರ್ಸಿಯಾ-ಮೊಲಿನಾ ಮತ್ತು ಕೆನೆತ್ ಸೇಲಂ ಎಂಬ ವಿದ್ವಾಂಸರು ‘ಸಾಗಾ’ ಎಂಬ ಹೆಸರಿನಲ್ಲಿ ಗಣಕಶಾಸ್ತ್ರಕ್ಕೆ ನೀಡಿದ ತತ್ವದ ತಿರುಳೂ ಇದೇ: ದೀರ್ಘ ವ್ಯವಹಾರವನ್ನು ಸಣ್ಣ ಹಂತಗಳಾಗಿ ವಿಂಗಡಿಸಿ, ಪ್ರತಿ ಹಂತಕ್ಕೂ ಅದನ್ನು ಹಿಂತೆಗೆಯುವ ಪ್ರತಿಹಂತವನ್ನು ಮೊದಲೇ ಗೊತ್ತುಪಡಿಸುವುದು. ಕ್ರೆಡಿಟ್ ನೋಟ್ ಅಂತಹ ಒಂದು ಪ್ರತಿಹಂತವಲ್ಲದೆ ಬೇರೇನೂ ಅಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸೂತ್ರಧಾರ ಪುನಃ ಪ್ರಯತ್ನಿಸುವಾಗ ಒಂದೇ ಕೆಲಸ ಎರಡು ಬಾರಿ ನಡೆದುಬಿಡುವ ಸಾಧ್ಯತೆ ಇದ್ದೇ ಇದೆ. ಅದನ್ನು ತಡೆಯಲು ಪ್ರತಿ ಕೆಲಸಕ್ಕೂ ಬದಲಾಗದ ಒಂದು ಗುರುತು ಸಂಖ್ಯೆ ಬೇಕು. ಇ-ಇನ್‌ವಾಯ್ಸ್ ವ್ಯವಸ್ಥೆಯಲ್ಲಿ ಇದು ಈಗಾಗಲೇ ಇದೆ. ಮಾರಾಟಗಾರನ ಜಿಎಸ್‌ಟಿ ಸಂಖ್ಯೆ, ದಾಖಲೆಯ ಬಗೆ, ಬಿಲ್ಲಿನ ಸಂಖ್ಯೆ ಮತ್ತು ಹಣಕಾಸು ವರ್ಷ ಇವುಗಳಿಂದಲೇ 64 ಅಕ್ಷರಗಳ ಐಆರ್‌ಎನ್ ಹುಟ್ಟುತ್ತದೆ. ಅದೇ ಬಿಲ್ಲನ್ನು ಅದೇ ಸಂಖ್ಯೆಯಲ್ಲಿ ಮತ್ತೆ ಕಳುಹಿಸಿದರೆ ಪೋರ್ಟಲ್ ಅದನ್ನು ಈಗಾಗಲೇ ನೋಂದಣಿಯಾದದ್ದೆಂದು ತಿರಸ್ಕರಿಸುತ್ತದೆ. ಮೇಲಿನ ಗುಮಾಸ್ತ ಸಂಖ್ಯೆ ಬದಲಿಸದೆ ಮರಳಿ ಕಳುಹಿಸಿದ್ದರೆ ಯಾವ ಅನಾಹುತವೂ ಆಗುತ್ತಿರಲಿಲ್ಲ.

ಹಣ ಪಾವತಿಯಲ್ಲಿಯೂ ಇದೇ ನ್ಯಾಯ. ಹನೂರು ಭಾಗದ ಕಾಡಂಚಿನ ಊರಿನ ಅಂಗಡಿಯಲ್ಲಿ ಗಿರಾಕಿಯ ಖಾತೆಯಿಂದ ಯುಪಿಐ ಹಣ ಕಡಿತವಾಗಿ, ಅಂಗಡಿಗೆ ಖಚಿತ ಸಂದೇಶ ಬಾರದಿದ್ದಾಗ ಎರಡನೆಯ ಬಾರಿ ಹಣ ಕೇಳುವುದು ಜಗಳಕ್ಕೆ ದಾರಿ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಇಂತಹ ಹಣವನ್ನು ತಾನಾಗಿ ಹಿಂದಿರುಗಿಸಲು ಕಾಲಮಿತಿ ಗೊತ್ತುಪಡಿಸಿತು: ವ್ಯಕ್ತಿಯಿಂದ ವ್ಯಕ್ತಿಗೆ ಕಳುಹಿಸಿದ ಹಣಕ್ಕೆ ವ್ಯವಹಾರದ ಮರುದಿನ, ವ್ಯಾಪಾರಿಗೆ ಕಳುಹಿಸಿದ ಹಣಕ್ಕೆ ಐದು ದಿನ, ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ವ್ಯವಹಾರದ ಉಲ್ಲೇಖ ಸಂಖ್ಯೆಯನ್ನು ಕೇಳಿ ಬರೆದುಕೊಂಡು ಖಾತೆಯೊಡನೆ ತಾಳೆ ನೋಡುವ ವ್ಯಾಪಾರಿಗೆ ಗಿರಾಕಿಯೂ ಉಳಿಯುತ್ತಾನೆ, ಹಣವೂ ಉಳಿಯುತ್ತದೆ.

ಎಲ್ಲರೂ ಕೊಳ್ಳಬೇಕೆ?

ಇದು ದೊಡ್ಡ ಸಂಸ್ಥೆಗಳ ಮಾತು, ಸಣ್ಣ ವರ್ತಕರಿಗೇಕೆ ಎಂಬ ಆಕ್ಷೇಪ ಸಹಜ. ಅದರಲ್ಲಿ ಅರ್ಧ ಸತ್ಯವೂ ಇದೆ. ಕೇಡೆನ್ಸ್, ಟೆಂಪೋರಲ್, ಕಂಡಕ್ಟರ್ ಇವುಗಳ ಮುಕ್ತ ಆವೃತ್ತಿಗೆ ಪರವಾನಗಿ ಶುಲ್ಕವಿಲ್ಲ. ಆದರೆ ಅವನ್ನು ನಡೆಸಲು ಸರ್ವರ್ ಬೇಕು, ನುರಿತ ಇಂಜಿನಿಯರ್ ಬೇಕು. ದಿನಕ್ಕೆ ಹತ್ತು ಬಿಲ್ಲು ಮಾಡುವ ಅಂಗಡಿಗೆ ಅದು ಭತ್ತಕ್ಕಿಂತ ಹೊಟ್ಟೇ ಹೆಚ್ಚಾದಂತೆ. ಅಂತಹವರಿಗೆ ಒಂದು ದಪ್ಪ ರಿಜಿಸ್ಟರ್ ಸಾಕು: ಆರ್ಡರು, ಬಿಲ್ಲು, ಐಆರ್‌ಎನ್, ಇ-ವೇ ಬಿಲ್, ವಾಹನ, ಸರಕು ತಲುಪಿದ ರಸೀದಿ, ಹಣ ಎಂದು ಏಳು ಅಂಕಣ ಎಳೆದು, ಸಂಜೆ ಖಾಲಿ ಉಳಿದ ಮನೆಗಳನ್ನು ವಿಚಾರಿಸಲು ಒಬ್ಬನನ್ನು ಹೆಸರಿಸಿ ನೇಮಿಸಿದರೆ ಅವನೇ ಆ ಅಂಗಡಿಯ ಸೂತ್ರಧಾರ.

ಆದರೆ ಆಕ್ಷೇಪದ ಉಳಿದರ್ಧ ತಪ್ಪು. ವರ್ತಕ ತಾನು ಇಂತಹ ತಂತ್ರಾಂಶ ಕೊಳ್ಳದಿದ್ದರೂ, ಅವನಿಗೆ ಬಿಲ್ಲಿಂಗ್ ತಂತ್ರಾಂಶ ಮಾರುವವರು ಪೋರ್ಟಲ್‌ಗಳನ್ನೂ ಬ್ಯಾಂಕುಗಳನ್ನೂ ಜೋಡಿಸಿಕೊಡುವುದಾಗಿ ಹೇಳಿಯೇ ಮಾರುತ್ತಾರೆ. ಆ ಜೋಡಣೆ ಎಷ್ಟು ಗಟ್ಟಿ ಎಂಬುದನ್ನು ಬೆಲೆ ಚೌಕಾಸಿಗೆ ಮುನ್ನವೇ ವಿಚಾರಿಸುವುದು ಲೇಸು. ಕೇಳಬೇಕಾದ ಪ್ರಶ್ನೆಗಳು ನಾಲ್ಕು:

1. ನಡುವೆ ವಿದ್ಯುತ್ ಅಥವಾ ಸಂಪರ್ಕ ಹೋದರೆ ಕೆಲಸ ಎಲ್ಲಿಂದ ಮುಂದುವರಿಯುತ್ತದೆ?

2. ಒಂದೇ ಬಿಲ್ಲು ಅಥವಾ ಪಾವತಿ ಎರಡು ಬಾರಿ ಹೋಗದಂತೆ ತಡೆಯುವ ಏರ್ಪಾಡು ಏನು?

3. ಒಂದು ಹಂತ ವಿಫಲವಾದರೆ ಹಿಂದಿನ ಹಂತಗಳನ್ನು ಹಿಂತೆಗೆಯುವುದು ಹೇಗೆ, 24 ಗಂಟೆಯ ಗಡುವು ಮೀರುವ ಮುನ್ನ ಎಚ್ಚರಿಸುವವರು ಯಾರು?

4. ಬಾಕಿ ಉಳಿದ ಹಂತಗಳ ಪಟ್ಟಿಯನ್ನು ಮಾಲೀಕ ತಾನೇ ನೋಡಬಹುದೆ?

ನಾಲ್ಕನೆಯ ಪ್ರಶ್ನೆಗೆ ಉತ್ತರಿಸಲಾಗದ ಮಾರಾಟಗಾರನಿಂದ ದೂರವಿರುವುದೇ ಕ್ಷೇಮ.

ಎಲ್ಲ ದೋಷವನ್ನೂ ಸರ್ಕಾರಿ ಪೋರ್ಟಲ್‌ಗಳ ಮೇಲೆ ಹೊರಿಸುವ ರೂಢಿಯನ್ನೂ ಬಿಡಬೇಕಿದೆ. ಪೋರ್ಟಲ್ ಆಗಾಗ ನಿಲ್ಲುವುದು ದಿಟ. ಆದರೆ ಯಾವುದೇ ಯಂತ್ರ ಎಂದಾದರೂ ನಿಲ್ಲುತ್ತದೆ ಎಂಬುದನ್ನು ಒಪ್ಪಿಕೊಂಡು ರೂಪಿಸಿದ ವ್ಯವಸ್ಥೆಯನ್ನಷ್ಟೇ ವಿಶ್ವಾಸಾರ್ಹ ಎನ್ನಬಹುದು.

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ವರ್ತಕರು ಬಿಡಿಬಿಡಿಯಾಗಿ ಕೇಳಿದರೆ ತಂತ್ರಾಂಶ ಮಾರುವವರು ಕಿವಿಗೊಡುವುದು ಕಷ್ಟ. ವರ್ತಕ ಸಂಘಗಳು ಒಟ್ಟಾಗಿ ಈ ನಾಲ್ಕು ಪ್ರಶ್ನೆಗಳನ್ನು ಮುಂದಿಟ್ಟು, ಉತ್ತರವನ್ನು ಬರವಣಿಗೆಯಲ್ಲಿ ಪಡೆದು, ಸದಸ್ಯರಿಗೆ ತಿಳಿಸುವ ಪರಿಪಾಠ ಆರಂಭಿಸಿದರೆ ಅದಕ್ಕೆ ತಗಲುವ ಖರ್ಚು ಅಂಚೆ ವೆಚ್ಚವಷ್ಟೇ. ಒಪ್ಪಂದ ಪತ್ರದಲ್ಲಿ ಈ ಷರತ್ತುಗಳು ಸೇರುವಂತಾದರೆ, ದಾರಿಯಲ್ಲಿ ನಿಂತ ಒಂದು ಲಾರಿಯನ್ನು ಬಿಡಿಸಿಕೊಳ್ಳುವ ದಂಡ ಉಳಿದರೂ ಆ ಶ್ರಮ ಸಾರ್ಥಕ. ಹೊಸ ಹಣಕಾಸು ವರ್ಷದ ಬಿಲ್ ಸರಣಿ ಆರಂಭಿಸುವ ಮುನ್ನ ಪ್ರತಿಯೊಬ್ಬ ವರ್ತಕನೂ ತನ್ನ ವ್ಯವಹಾರದ ಹಂತಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿ ಹಂತದ ಮುಂದೆ ಹೊಣೆಗಾರನ ಹೆಸರನ್ನು ನಮೂದಿಸುವುದು ಈ ದಿಸೆಯಲ್ಲಿ ಮೊದಲ ಹೆಜ್ಜೆಯಾಗಲಿ.